ಏಳನೇ ಸೂಜಿ

ಸಿಂಚನಾ, ತರುಣ, ಈ ವಾರದ್ದು ನಿಮಗೆ ಖುಷಿ ಕೊಡುವ ಬರಹವಲ್ಲ. ಆದರೂ ಓದಿ. ಸಿಂಚನಾಗೆ ಅರ್ಧ ಗೊತ್ತು, ಶುರುವಾದದ್ದೇ ಅವಳಿಂದ. ಉಳಿದರ್ಧವನ್ನು ನಾನು ಮನೆಯಲ್ಲಿ ಯಾರಿಗೂ ಸರಿಯಾಗಿ ಹೇಳಿಲ್ಲ. (ಪ್ರತಿ ವಾರ ಈ ಅಂಕಣ ಓದುವವರು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಲಿ. ಎದುರಿಗೆ ಕೂತರೆ ನನಗೆ ಮಾತು ಬರುವುದಿಲ್ಲ.)

ಸೋಮವಾರ ಬೆಳಗ್ಗೆ ಎಂಟು ಗಂಟೆ. ಸಿಂಚನಾ ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ನನ್ನ ಸೂಜಿ ಡಬ್ಬಿ ತೆಗೆದಳು. ಎಣಿಸಿದಳು. ಮತ್ತೆ ಎಣಿಸಿದಳು.

"ಅಜ್ಜಿ, ನಿನ್ನೆ ಏಳು ಕೊಟ್ಟಿದ್ದೆ. ಆರೇ ಅದಾವೆ."

ಗೊತ್ತಿಲ್ಲದವರಿಗೆ ಹೇಳಬೇಕು. ನಿಮ್ಮ ಅಜ್ಜ ಹೋದ ಮೇಲೆ ನಾನು ಕೌದಿ ಹೊಲಿಯುವುದನ್ನು ಮತ್ತೆ ಹಿಡಿದೆ. ನನ್ನ ತವರು ಲೋಕಿಕೆರೆಯಲ್ಲಿ ಏಳನೇ ಕ್ಲಾಸಿನ ಜೊತೆಗೆ ಕಲಿತ ಇನ್ನೊಂದು ವಿದ್ಯೆ ಅದೊಂದೇ. ಹಳೇ ಪಂಚೆ, ಹಳೇ ಸೀರೆ ಪದರ ಪದರವಾಗಿ ಹಾಸಿ ಅಂಚಿನಿಂದ ಒಳಕ್ಕೆ ಓಡುಹೊಲಿಗೆ ಹಾಕುತ್ತಾ ಬರುವುದು. ಕೈಗೆ ಇನ್ನೂ ನೆನಪಿದೆ. ಕಣ್ಣು ಮಾತ್ರ ಕೈಕೊಟ್ಟಿದೆ. ಐವತ್ತೇಳಕ್ಕೆ ಕನ್ನಡಕ ಹಾಕಿದರೂ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಹಾಗಾಗಿ ಸಿಂಚನಾ ಬೆಳಗ್ಗೆಯೇ ಏಳು ಸೂಜಿಗೆ ದಾರ ಪೋಣಿಸಿ ಡಬ್ಬಿಯ ಥರ್ಮಾಕೋಲಿಗೆ ಚುಚ್ಚಿಟ್ಟು ಹೋಗುತ್ತಾಳೆ. ಏಳು ದಾರ ಮುಗಿಯುವಷ್ಟರಲ್ಲಿ ಅವಳ ಸ್ಕೂಲ್ ಬಿಟ್ಟಿರುತ್ತದೆ. ಅದು ನಮ್ಮಿಬ್ಬರ ವ್ಯವಸ್ಥೆ.

"ಎಲ್ಲೋ ಬಿದ್ದಿರ್ತೈತೆ, ನೀನು ಹೋಗು. ವ್ಯಾನ್ ಬರ್ತೈತೆ" ಅಂದೆ.

ಅವಳು ಹೋದಳು. ನಾನು ಮಂಚದ ಕೆಳಗೆ ಗುಡಿಸಿದೆ. ಕಸವನ್ನು ಪೇಪರಿನ ಮೇಲೆ ಹರಡಿ ಬೆರಳಾಡಿಸಿದೆ. ದಿಂಬು ಕೊಡವಿದೆ. ನಿನ್ನೆ ಉಟ್ಟ ಸೀರೆಯ ಸೆರಗನ್ನು ಇಂಚಿಂಚಾಗಿ ಹಿಚುಕಿ ನೋಡಿದೆ. ಆಫೀಸಿಗೆ ಹೊರಟಿದ್ದ ಸೊಸೆ ಬಾಗಿಲಲ್ಲಿ ನಿಂತು ಕೇಳಿದಳು:

"ಏನು ಹುಡುಕ್ತಿದೀರಿ ಅತ್ತೆ?"

"ಏನಿಲ್ಲಮ್ಮ, ಓಲೆ ತಿರುಪು."

ನೋಡಿ, ಮೊದಲ ಸುಳ್ಳು ಎಷ್ಟು ಸಲೀಸಾಗಿ ಬಂತು.

ಎಲ್ಲರೂ ಹೋದ ಮೇಲೆ ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕಿದೆ. ಸೂಜಿ ಮನೆಯಲ್ಲಿಲ್ಲ. ಹಾಗಾದರೆ ಇರುವುದು ಒಂದೇ ಕಡೆ. ಭಾನುವಾರ ನಾನು ಮುಗಿಸಿದ ಕೌದಿಯೊಳಗೆ. ಆ ಕೌದಿ ಇರುವುದು ಹರಿಹರದಲ್ಲಿ. ಅದರ ಮೇಲೆ ಮಲಗಿರುವುದು ಐದು ತಿಂಗಳ ಕೂಸು.

ನನ್ನ ಮಗಳು ರೇಖಾಳ ಕೂಸು. ನಿಮ್ಮ ಪುಟ್ಟ ತಂಗಿ.

ಆ ಕೂಸು ಹೋದ ವಾರವಷ್ಟೇ ಬೋರಲು ಬೀಳಲು ಕಲಿತಿದೆ. ಬಿದ್ದು, ಮುಖವನ್ನು ಬಟ್ಟೆಗೆ ಉಜ್ಜುತ್ತದೆ. ಸಿಕ್ಕಿದ್ದನ್ನು ಬಾಯಿಗೆ ಎಳೆದುಕೊಳ್ಳುತ್ತದೆ.

ಹೇಗಾಯಿತು ಅಂತ ಕೇಳುತ್ತೀರಾ? ಭಾನುವಾರ ರೇಖಾ ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಡಬೇಕಿತ್ತು. ಅಳಿಯಂದಿರು ಕಾರು ತಂದು ನಿಂತಿದ್ದರು. ನಾಲ್ಕೂವರೆಗೆ ರಾಹುಕಾಲ. ಅಷ್ಟರೊಳಗೆ ಕೂಸು ಹೊಸ್ತಿಲು ದಾಟಬೇಕು. ಕೌದಿಯ ನಡುವೆ ಅಂಗೈಯಗಲ ಇನ್ನೂ ಉಳಿದಿತ್ತು. ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಮುಚ್ಚಬಾರದು ಅಂತ ನಮ್ಮವ್ವ ಹೇಳಿಕೊಟ್ಟ ಪದ್ಧತಿ. ಕೊನೆಯ ಹೊಲಿಗೆಗೆ ಮುಂಚೆ ಪದರದೊಳಗೆ ನಾಲ್ಕು ಕಾಳು ಅಕ್ಕಿಯೋ, ಒಂದು ಚೂರು ಹೋಳಿಗೆಯೋ ಇಡಬೇಕು. (ಹೋಳಿಗೆಗೆ ಇರುವೆ ಬರುತ್ತವೆ. ಕೂಸಿನ ಕೌದಿಗೆ ಅಕ್ಕಿಯೇ ವಾಸಿ.) ಒಂದು ಸೂಜಿಯ ದಾರ ಮುಗಿದರೆ ಅದನ್ನು ಬಟ್ಟೆಗೇ ಚುಚ್ಚಿ ಇನ್ನೊಂದು ತೆಗೆದುಕೊಳ್ಳುವುದು ನನ್ನ ರೂಢಿ. ಹಾಗೆ ಚುಚ್ಚಿಟ್ಟ ಒಂದು ಸೂಜಿಯ ಮೇಲೆಯೇ ಅಕ್ಕಿ ಹಾಕಿ, ಪದರ ಮಡಚಿ, ಹೊಲಿದುಬಿಟ್ಟಿದ್ದೇನೆ. ಸೊಸೆ ಮಗಳ ಮಡಿಲು ತುಂಬಿದಳು. ಕೊಬ್ಬರಿ, ಕುಪ್ಪಸದ ಕಣದ ಮೇಲೆ ಕೌದಿಯನ್ನೂ ಇಟ್ಟಳು. ನಾಲ್ಕು ಇಪ್ಪತ್ತಕ್ಕೆ ಕಾರು ಹೊರಟಿತು. ಗೆದ್ದೆ ಅಂದುಕೊಂಡೆ.

ಈಗ ಏನು ಮಾಡಬೇಕಿತ್ತು? ಇನ್ನೂ ಚಿಕ್ಕವನಾದ ತರುಣನೂ ಹೇಳಬಲ್ಲ. ಫೋನ್ ಮಾಡಿ, ಕೂಸನ್ನು ಎತ್ತಿಕೊಳ್ಳಿ ಅನ್ನಬೇಕಿತ್ತು.

ಫೋನ್ ಕೈಗೆ ತೆಗೆದುಕೊಂಡೆ. ರೇಖಾಳ ಹೆಸರಿನವರೆಗೆ ಬಂದೆ. ಕೆಳಗಿಟ್ಟೆ.

ಯಾಕೆಂದರೆ ರೇಖಾ ಫೋನನ್ನು ಸ್ಪೀಕರಿಗೆ ಹಾಕಿ ಮಾತಾಡುವವಳು. ಪಕ್ಕದಲ್ಲಿ ಅವಳ ಅತ್ತೆ ಗೌರಮ್ಮ ಇರುತ್ತಾರೆ. ಕೌದಿ ಹೊಲಿಯುತ್ತಿದ್ದೇನೆ ಅಂದಾಗ ಆಕೆ, "ಯಾಕ್ರಿ ಬೀಗ್ತೇರೆ, ಈಗ ಬೇಬಿ ಬೆಡ್ಡೇ ಸಿಗ್ತಾವಲ್ಲ" ಅಂದಿದ್ದರು. ಅಪರೂಪಕ್ಕೆ ನನ್ನ ಬಾಯಿಂದ ಗಟ್ಟಿ ಮಾತು ಬಂದಿತ್ತು: "ಅಂಗಡಿ ಹಾಸಿಗೆ ಕೂಸಿಗೆ ಒಗ್ಗಲ್ಲ." ಈಗ ಯಾವ ಮುಖ ಇಟ್ಟುಕೊಂಡು ಹೇಳಲಿ?

ಒಂದು ಉಪಾಯ ಹೊಳೆಯಿತು. ನಾನೇ ಹರಿಹರಕ್ಕೆ ಹೋಗುವುದು. ಅಂಚು ಹೊಲಿಯುವುದು ಉಳಿದಿದೆ ಅಂತ ಕೌದಿ ಇಸಿದುಕೊಳ್ಳುವುದು. ಮನೆಗೆ ತಂದು ಸೂಜಿ ತೆಗೆದು ವಾಪಸ್ ಕೊಡುವುದು. ಯಾರಿಗೂ ಗೊತ್ತಾಗುವುದಿಲ್ಲ.

ಸ್ನಾನ ಮಾಡಿದೆ. ಇಸ್ತ್ರಿ ಸೀರೆ ಉಟ್ಟೆ. ಆಟೋದಲ್ಲಿ ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ, ಬೀಗರ ಮನೆಗೆ ಬರಿಗೈಯಲ್ಲಿ ಹೋಗಲಾದೀತೇ ಅನ್ನಿಸಿತು. ಬೇಕರಿಗೆ ಹೋದೆ. ಬೆಣ್ಣೆ ಬಿಸ್ಕತ್ತು ಒಲೆಯಿಂದ ಈಗ ತೆಗೀತಾರೆ, ಹತ್ತು ನಿಮಿಷ ಅಂದರು. ಹತ್ತು ನಿಮಿಷ ನಿಂತೆ. (ಹೌದು, ನಿಂತೆ.)

ಬಸ್ಸು ಅರ್ಧ ದಾರಿಯಲ್ಲಿದ್ದಾಗ ಫೋನ್ ಟಿಣ್ ಅಂದಿತು. ರೇಖಾ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು. ಕೌದಿಯ ಮೇಲೆ ಕೂಸು ನಿದ್ದೆ ಹೋಗಿದೆ, ಒಂದು ಕೈ ತಲೆಯ ಮೇಲೆ. "ಅಮ್ಮನ ಕೌದಿ ಮೇಲೆ ರಾಣಿ" ಅಂತ ಬರೆದಿದ್ದಳು. ನಾನು ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿದೆ. ಅಜ್ಜನ ಪಂಚೆಯ ಹಸಿರು ಅಂಚು ಕಂಡಿತು, ನನ್ನ ಹೊಲಿಗೆ ಕಂಡಿತು, ಕೂಸಿನ ಕಿವಿ ಕಂಡಿತು. ಸೂಜಿ ಕಾಣುತ್ತದೆಯೇ? ಆಗಲೂ ಫೋನ್ ಮಾಡಬಹುದಿತ್ತು. ನಾನು ಹೆಬ್ಬೆಟ್ಟಿನ ಗುರುತು ಕಳಿಸಿದೆ. ಸೂಪರ್ ಅನ್ನುವ ಹೆಬ್ಬೆಟ್ಟು.

ಹರಿಹರದ ಮನೆ ಮುಟ್ಟಿದಾಗ ಹನ್ನೊಂದು ಗಂಟೆ.

"ಬರ್ರಿ ಬೀಗ್ತೇರೆ, ಬರ್ರಿ. ನಿನ್ನೆ ಕಳ್ಸಿ ಇವತ್ತೇ ಓಡಿ ಬಂದೀರಲ್ಲ. ಒಂದು ದಿನ ಬಿಟ್ಟಿರಾಕಾಗ್ಲಿಲ್ಲೇನು?" ಗೌರಮ್ಮ ನಕ್ಕರು.

ಹಾಲ್‌ನಲ್ಲಿ ನೆರೆಮನೆಯ ಇಬ್ಬರು ಹೆಂಗಸರು ಕೂಸು ನೋಡಲು ಬಂದು ಕೂತಿದ್ದರು. ಅವರ ಮುಂದೆ ಹೇಗೆ ಹೇಳುವುದು? ನಾನು ಮಂಚದ ಹತ್ತಿರ ಹೋಗಿ, "ಒಂಚೂರು ಎತ್ತಿಕೊಳ್ಳಲಾ?" ಅಂದೆ.

"ಈಗ ನಿದ್ದಿ ಹತ್ತೈತೆ, ಎಬ್ಬಿಸಬ್ಯಾಡ್ರಿ. ಕೂಡ್ರಿ, ಚಾ ಕುಡೀರಿ. ರಾತ್ರಿ ಎರಡು ಸಲ ಎದ್ದು ಕಿರುಚೈತೆ. ಹೊಸ ಜಾಗ ನೋಡ್ರಿ."

ಹೊಸ ಜಾಗವೇ?

ಚಹಾ ಬಂತು. ಲೋಟ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಅಂಗೈಯನ್ನು ಕೂಸಿನ ಪಕ್ಕ ಕೌದಿಯ ಮೇಲೆ ಒತ್ತಿಟ್ಟುಕೊಂಡು ಕೂತೆ. ಚುಚ್ಚಿದರೆ ನನಗೇ ಚುಚ್ಚಲಿ ಅಂತ. ಬಂದವರು ಒಗ್ಗರಣೆ ಮಂಡಕ್ಕಿಯ ವಿಷಯ ಮಾತಾಡಿದರು, ನೀರು ಬಿಡದ ವಿಷಯ ಮಾತಾಡಿದರು. ಕೂಸು ಒಮ್ಮೆ ಕಾಲು ಝಾಡಿಸಿತು. ನನ್ನ ಚಹಾ ತುಳುಕಿತು. ಅವರು ಎದ್ದು ಹೋಗುವಷ್ಟರಲ್ಲಿ ಇಪ್ಪತ್ತು ನಿಮಿಷ.

ಆಮೇಲೆ ಹೇಳಿದೆ. ಸುಳ್ಳೇ.

"ಕೌದಿ ಅಂಚು ಒಂಚೂರು ಉಳಿದೈತೆ. ತಗೊಂಡು ಹೋಗಿ ಹೊಲಿದು ನಾಳೆ ಕಳಿಸ್ತೀನಿ."

ಗೌರಮ್ಮನ ನಗು ನಿಂತಿತು.

"ಮಡಿಲಿಗೆ ಹಾಕಿ ಕಳ್ಸಿದ್ದನ್ನ ವಾಪಸ್ ಒಯ್ತಾರೇನ್ರಿ? ಅದೂ ಕೂಸು ಮನಿಗೆ ಬಂದ ಮಾರನೇ ದಿನ? ನಾವೇನಾರ ತಪ್ಪು ಮಾತಾಡಿದ್ವಾ? ಬೇಬಿ ಬೆಡ್ ಅಂದಿದ್ದು ಮನಸ್ಸಿಗೆ ಹತ್ತೈತೇನು?"

ಅವರ ಮಾತು ಸರಿಯೇ. ಮಡಿಲಿನ ವಸ್ತು ಹೊಸ್ತಿಲು ದಾಟಿ ಹಿಂದಕ್ಕೆ ಬರುವುದಿಲ್ಲ. ಗಡಿಬಿಡಿಯಲ್ಲಿ ಅದನ್ನೂ ಮರೆತಿದ್ದೆ. ರೇಖಾ ಅಡುಗೆಮನೆಯಿಂದ ಬಂದು, "ಏನಮ್ಮ ಇದು, ಇಲ್ಲೇ ಕೂತು ಹೊಲಿ, ದಾರ ನಾನು ಪೋಣಿಸಿಕೊಡ್ತೀನಿ" ಅಂದಳು. ಅಷ್ಟರಲ್ಲಿ ಕೂಸು ನಿದ್ದೆಯಲ್ಲೇ ಮಗ್ಗುಲಾಗಿ ಬೋರಲು ಬಿತ್ತು. ಕೆನ್ನೆ ಕೌದಿಗೆ ಒತ್ತಿತು.

"ರೇಖಾ, ಕೂಸನ್ನ ಎತ್ತು. ಕೌದಿಯೊಳಗೆ ಸೂಜಿ ಐತೆ."

ಎಷ್ಟು ಹೊತ್ತಿನ ಮಾತು ಆರು ಪದದಲ್ಲಿ ಮುಗಿದೇ ಹೋಯಿತು.

ರೇಖಾ ಕೂಸನ್ನು ಕಿತ್ತುಕೊಂಡಳು. ಅದು ಬೆಚ್ಚಿ ಕಿರುಚಿತು. ಎಲ್ಲರ ಕಣ್ಣೂ ಅದರ ಮೈಮೇಲೆ. ಬಟ್ಟೆ ಬಿಚ್ಚಿ ಬೆನ್ನು, ಹೊಟ್ಟೆ, ಕಂಕುಳು, ಕಾಲ ಸಂದು ಎಲ್ಲ ನೋಡಿದಳು. ಎಡ ತೊಡೆಯ ಹಿಂದೆ ಒಂದು ಕೆಂಪು ಚುಕ್ಕೆ. ಸೊಳ್ಳೆ ಕಚ್ಚಿದ್ದೂ ಇರಬಹುದು. ಇರಬಹುದು ಅಂತ ಮೂವರೂ ಒಂದೊಂದು ಸಲ ಅಂದೆವು.

ಬೀಗರು, ಅಂದರೆ ಗೌರಮ್ಮನ ಗಂಡ, ಅಲ್ಲಿಯವರೆಗೆ ಮೂಲೆಯ ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂತಿದ್ದರು. ಫ್ಯಾಕ್ಟರಿಯಲ್ಲಿ ಮೂವತ್ತು ವರ್ಷ ಲೇತ್ ಮಷಿನ್ ಮೇಲೆ ಕೆಲಸ ಮಾಡಿ ರಿಟೈರ್ ಆದವರು. ಎದ್ದು ಹೋಗಿ ಟೂಲ್ ಬಾಕ್ಸ್ ತಂದರು. ಒಳಗಿಂದ ಅಂಗೈಯಗಲದ ಮ್ಯಾಗ್ನೆಟ್ ತೆಗೆದರು. ಲೇತ್ ಕೆಳಗೆ ಬಿದ್ದ ಕಬ್ಬಿಣದ ಚೂರು ಎತ್ತಲು ಇಟ್ಟುಕೊಂಡದ್ದಂತೆ. ಕೌದಿಯನ್ನು ಊಟದ ಟೇಬಲ್ ಮೇಲೆ ಹರಡಿ, ಒಂದು ತುದಿಯಿಂದ ಸಾಲು ಹಿಡಿದು ಎಳೆಯತೊಡಗಿದರು. ನೇಗಿಲು ಹೊಡೆದಂತೆ ಒಂದು ಸಾಲು ಆ ಕಡೆಗೆ, ಒಂದು ಸಾಲು ಈ ಕಡೆಗೆ. ಬೆರಳಗಲ ಜಾಗವನ್ನೂ ಬಿಡಲಿಲ್ಲ.

ಅಕ್ಕಿ ಇಟ್ಟ ಜಾಗದಲ್ಲಿ ಬಟ್ಟೆ ಸಣ್ಣಗೆ ಮೇಲೆದ್ದಿತು.

ಬ್ಲೇಡಿನಿಂದ ನಾಲ್ಕು ಹೊಲಿಗೆ ಬಿಚ್ಚಿದರು. ಸೂಜಿ ಬಂತು, ಬಾಲದಲ್ಲಿ ಸಿಂಚನಾ ಪೋಣಿಸಿದ ಕೆಂಪು ದಾರದ ತುಂಡು. ಜೊತೆಗೆ ನಾಲ್ಕು ಕಾಳು ಅಕ್ಕಿ.

ಗೌರಮ್ಮ ಉಸಿರು ಬಿಟ್ಟರು. "ಕೌದಿಗೆ ಊಟಕ್ಕೆ ಅಕ್ಕಿ ಇಟ್ರಿ, ಸರಿ. ನೆಂಚಿಕೊಳ್ಳಾಕೆ ಸೂಜಿನೂ ಇಡ್ತಾರೇನು ನಿಮ್ಮ ಕಡಿ?"

ರೇಖಾಗೆ ನಗು ಬಂತು. ನನಗೂ ಬಂತು. ಏಳು ಸರಿಹೋಯಿತಲ್ಲ. ಕೌದಿ ಮಡಚಲು ಕೈ ಚಾಚಿ, "ಸಿಕ್ತಲ್ಲ ಬಿಡ್ರಿ" ಅಂದೆ.

"ತಡೀರಿ," ಅಂದರು ಬೀಗರು, ತಲೆ ಎತ್ತದೆ. "ಒಂದು ಸಿಕ್ಕರೆ ಮುಗೀತು ಅಂತಲ್ಲ. ಪೂರ್ತಿ ಎಳೀಬೇಕು."

ಅಲ್ಲಿಂದ ಮೂರನೇ ಸಾಲಿಗೆ ಬಟ್ಟೆ ಮತ್ತೆ ಎದ್ದಿತು.

ಈ ಸಲ ಬಂದದ್ದು ಅರ್ಧ ಇಂಚಿನ ತುಂಡು. ದಾರವಿಲ್ಲ, ಕಣ್ಣಿಲ್ಲ, ಬರೀ ಮೊನೆ. ಕೂಸಿನ ತೊಡೆ ಬರುವ ಜಾಗದಲ್ಲಿ ನಿಂತುಕೊಂಡಿತ್ತು. ಆಗ ನನಗೆ ನೆನಪಾಯಿತು. ತಿಂಗಳ ಹಿಂದೆ ದಪ್ಪ ಪದರದಲ್ಲಿ ಒಂದು ಸೂಜಿ ಟಕ್ ಅಂತ ಮುರಿದಿತ್ತು. ಹಿಂದಿನ ತುಂಡು ಕೈಯಲ್ಲಿ ಉಳಿಯಿತು. ಮುಂದಿನದು ನೆಲಕ್ಕೆ ಬಿತ್ತು ಅಂತ ನಾನೇ ಅಂದುಕೊಂಡೆ. ಮಾರನೇ ದಿನ ಸಿಂಚನಾ ಹೊಸ ಸೂಜಿ ಸೇರಿಸಿ ಏಳು ಮಾಡಿದಳು. ಎಣಿಕೆ ಸರಿಯಾಗಿಯೇ ಇತ್ತು.

ನನ್ನ ಉಪಾಯ ಫಲಿಸಿದ್ದರೆ? ಕೌದಿಯನ್ನು ಗುಟ್ಟಾಗಿ ಮನೆಗೆ ತಂದು, ಏಳನೇ ಸೂಜಿ ತೆಗೆದು, ನೆಮ್ಮದಿಯಾಗಿ ಹೊಲಿದು, ಆ ಮೊನೆಯನ್ನು ನಾನೇ ಕೂಸಿನ ಕೆಳಗೆ ವಾಪಸ್ ಹಾಸುತ್ತಿದ್ದೆ.

ಯಾರೂ ನಗಲಿಲ್ಲ. ಬೀಗರು ಉಳಿದ ಸಾಲುಗಳನ್ನು ಮುಗಿಸಿದರು. ಕೌದಿಯನ್ನು ಮಗುಚಿ ಮತ್ತೊಮ್ಮೆ ಎಳೆದರು. ಗೌರಮ್ಮ ನನ್ನ ಎದುರು ಕುರ್ಚಿ ಎಳೆದು ಕೂತರು.

"ನಿಮಗೆ ಎಷ್ಟೊತ್ತಿಗೆ ಗೊತ್ತಾತು, ಬೀಗ್ತೇರೆ?"

"ಎಂಟು ಗಂಟೆಗೆ."

ಅವರು ಗೋಡೆಯ ಗಡಿಯಾರ ನೋಡಿದರು. ಹನ್ನೆರಡಕ್ಕೆ ಹತ್ತು ನಿಮಿಷ.

"ಫೋನ್ ಇರ್ಲಿಲ್ಲೇನು?"

"ಇತ್ತು."

ಬೈದಿದ್ದರೆ ಹಗುರಾಗುತ್ತಿದ್ದೆ. ಅವರು ಬೈಯಲಿಲ್ಲ. ಎದ್ದು ಅಡುಗೆಮನೆಗೆ ಹೋಗಿ ರೊಟ್ಟಿಗೆ ಹಂಚು ಇಟ್ಟರು. ರೇಖಾ ಕೂಸಿಗೆ ಹಾಲು ಕುಡಿಸುತ್ತಾ ಗೋಡೆಯ ಕಡೆ ತಿರುಗಿ ಕೂತಳು. ಅವಳು ನನ್ನ ಜೊತೆ ಮಾತು ಬಿಟ್ಟಿಲ್ಲ, ದಿನಾ ಫೋನ್ ಮಾಡುತ್ತಾಳೆ. ಸ್ಪೀಕರಿಗೆ ಹಾಕುವುದಿಲ್ಲ ಅಷ್ಟೇ.

ಕೌದಿ ಅಲ್ಲೇ ಇದೆ. ಬಿಚ್ಚಿದ ಜಾಗವನ್ನು ಗೌರಮ್ಮನೇ ಹೊಲಿದರಂತೆ. ಅಕ್ಕಿ ಇಟ್ಟು.

ನಾನು ಸಂಕೋಚದ ಹೆಂಗಸು ಅಂತ ಎಲ್ಲರೂ ಹೊಗಳಿಯೇ ಹೇಳುತ್ತಾರೆ. ಪಾಪ, ಮಾತೇ ಆಡಲ್ಲ ಅನ್ನುತ್ತಾರೆ. ಆ ಹೊಗಳಿಕೆ ಕೇಳಿ ಕೇಳಿ ನಾನೂ ಅದನ್ನೊಂದು ಒಳ್ಳೆಯ ಗುಣ ಅಂದುಕೊಂಡಿದ್ದೆ. ಓದುವ ನಿಮ್ಮನ್ನೂ ಕೇಳುತ್ತೇನೆ. ಗ್ಯಾಸಿನ ವಾಸನೆ ಬರುತ್ತಿದ್ದರೂ, ನೆಂಟರು ಊಟಕ್ಕೆ ಕೂತಿದ್ದಾರೆ, ಏಳಿಸುವುದು ಹೇಗೆ ಅಂತ ಕಿಟಕಿ ಮಾತ್ರ ತೆರೆದಿಲ್ಲವೇ? ಎದೆ ನೋವನ್ನು ಮಗ ಊಟ ಮುಗಿಸುವವರೆಗೆ ನುಂಗಿಕೊಂಡಿಲ್ಲವೇ? ಅದಕ್ಕೆಲ್ಲ ನಾವು ತಾಳ್ಮೆ ಅಂತ ಹೆಸರಿಟ್ಟಿದ್ದೇವೆ. ಆವತ್ತು ನನ್ನ ಮಾನ ಒಂದು ಕಡೆ, ಕೂಸಿನ ಮೈ ಒಂದು ಕಡೆ ಇತ್ತು. ಮೂರೂವರೆ ತಾಸು ನಾನು ಯಾವುದನ್ನು ಕಾದೆ ಅಂತ ನನಗೆ ಗೊತ್ತು.

ಸಿಂಚನಾ, ತರುಣ, ಪೇಪರಿನಿಂದ ಈ ಹಾಳೆ ಕತ್ತರಿಸಿ ನಿಮ್ಮ ಸರ್ಟಿಫಿಕೇಟುಗಳ ಫೈಲಿನಲ್ಲಿ ಜೋಪಾನ ಮಾಡಿ. ಹರಿಹರದ ಕೂಸಿಗೆ ಓದಲು ಬಂದ ಮೇಲೆ ಅವಳ ಕೈಗೆ ಕೊಡಿ.

ಕೊಡುವಾಗ ನನ್ನ ಪರವಾಗಿ ಏನೂ ಹೇಳಬೇಡಿ.