ಬೀಗದತ್ತೆಯ ಒಲೆ

ನನ್ನ ಸೋದರತ್ತೆಯನ್ನು ಬೀದಿಯವರೆಲ್ಲ ಬೀಗದತ್ತೆ ಎಂದೇ ಕರೆಯುತ್ತಾರೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಹಾದಂಗಡಿಗೂ ಚಪ್ಪಲಿ ಹೊಲಿಯುವವನ ಜಾಗಕ್ಕೂ ನಡುವೆ ಅವರ ಅಂಗಡಿ. ಮುಂದೆ ಒಂದು ಮೇಜು, ಗೋಡೆಯ ತುಂಬ ಮೊಳೆಗಳಿಗೆ ನೇತುಹಾಕಿದ, ಇನ್ನೂ ಹಲ್ಲು ಕೊರೆಯದ ಕೀಲಿಕೈಗಳು. ಹಿಂದೆ ಒಂದು ಕೋಣೆ. ಕೋಣೆಯಲ್ಲಿ ಮಂಚ, ಕಿಟಕಿ, ಕಿಟಕಿಯ ಕೆಳಗೆ ಗ್ಯಾಸ್ ಒಲೆ. ಮಾವ ತೀರಿಕೊಂಡಾಗ ಅಂಗಡಿ ಮುಚ್ಚಿತು ಎಂದೇ ಎಲ್ಲರೂ ಅಂದುಕೊಂಡಿದ್ದರು. ಅತ್ತೆ ಕೆಲವು ದಿನ ಬಿಟ್ಟು ಬಾಗಿಲು ತೆರೆದು, ಮಾವನ ಸ್ಟೂಲನ್ನು ತಮ್ಮ ಎತ್ತರಕ್ಕೆ ಕತ್ತರಿಸಿಕೊಂಡು ಕುಳಿತರು. ಮೊದಮೊದಲು ಬಂದವರು ಇಣುಕಿ ನೋಡಿ ‘ಯಜಮಾನರಿಲ್ವಾ?’ ಎಂದು ಕೇಳುತ್ತಿದ್ದರು. ‘ಇದೀನಲ್ಲ, ಹೇಳಿ’ ಎನ್ನುತ್ತಿದ್ದರು ಅತ್ತೆ.

ಬೀಗ ತೆರೆಯುವಾಗ ಅವರು ಬೀಗವನ್ನು ನೋಡುವುದಿಲ್ಲ. ತಂತಿಯನ್ನು ಒಳಗೆ ಬಿಟ್ಟು ರಸ್ತೆಯ ಕಡೆ ನೋಡುತ್ತಾರೆ. ಒಳಗಿನ ಪಿನ್ನುಗಳು ಒಂದೊಂದಾಗಿ ಜಾಗಕ್ಕೆ ಕೂರುವುದನ್ನು ಬೆರಳಿನಲ್ಲಿ ಕೇಳಿಸಿಕೊಳ್ಳುತ್ತಾರೆ. ಬೆರಳಿನಲ್ಲಿ ಕೇಳುವುದು ಎನ್ನುವುದು ಅವರದೇ ಮಾತು. ಅದಕ್ಕಿಂತ ಸರಿಯಾದ ಮಾತು ನನಗೂ ಸಿಕ್ಕಿಲ್ಲ.

ಕಳೆದ ವರ್ಷ ಅವರಿಗೆ ಕೆಟ್ಟ ಜ್ವರ ಬಂತು. ಜ್ವರ ಬಿಟ್ಟಿತು, ಹೋಗುವಾಗ ಮೂಗನ್ನೂ ನಾಲಿಗೆಯನ್ನೂ ಕರೆದುಕೊಂಡು ಹೋಯಿತು. ವಾಸನೆ ಪೂರ್ತಿ ಹೋಯಿತು. ಸಿಹಿ, ಉಪ್ಪು, ಹುಳಿ ಏನೂ ತಿಳಿಯದಂತಾಯಿತು. ಏನು ತಿಂದರೂ ಕೀಲಿಕೈ ಕಚ್ಚಿಕೊಂಡ ಹಾಗೆ ಎನ್ನುತ್ತಿದ್ದರು. ವೈದ್ಯರು, ತಿರುಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. ‘ಇಷ್ಟು ಹೇಳೋಕೆ ಅಷ್ಟು ಹೊತ್ತು ಕೂರಿಸಿದ್ರಾ’ ಎಂದು ಅತ್ತೆ ಎದ್ದು ಬಂದರು.

ಅಲ್ಲಿಗೆ ನಿಂತಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಒಂದು ಸಂಜೆ ಅವರ ಕೋಣೆಯಲ್ಲಿ ಗ್ಯಾಸ್ ಸೋರುತ್ತಿತ್ತು. ಅತ್ತೆ ಅಲ್ಲೇ ಕುಳಿತು ಅಕ್ಕಿ ಆರಿಸುತ್ತಿದ್ದರು. ಪಕ್ಕದ ಚಹಾದಂಗಡಿಯವನು ವಾಸನೆ ಹಿಡಿದು ಒಳಗೆ ನುಗ್ಗಿ ಸಿಲಿಂಡರ್ ಬಂದ್ ಮಾಡಿದ. ಒಲೆಗೆ ಹೋಗುವ ರಬ್ಬರ್ ಕೊಳವೆ ಸೀಳಿತ್ತು. ಈ ಸುದ್ದಿ ಅಪ್ಪನ ಕಿವಿಗೆ ಬಿದ್ದ ದಿನದಿಂದ ನಮ್ಮ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಅಪ್ಪ ಅತ್ತೆಗೆ ಅಣ್ಣ. ತಂಗಿ ಇನ್ನು ಒಬ್ಬಳೇ ಇರಕೂಡದು, ನಮ್ಮ ಹಿಂದಿನ ಕೋಣೆಗೆ ಬಂದುಬಿಡಬೇಕು, ಅಂಗಡಿ ಬೇಕಾದರೆ ಹಗಲು ನಡೆಸಲಿ, ಒಲೆ ಮಾತ್ರ ಮುಟ್ಟಕೂಡದು. ಇದು ಅವರ ತೀರ್ಮಾನ.

ಅತ್ತೆ ಸುಮ್ಮನೆ ಕೂರಲಿಲ್ಲ. ಹೊಸ ಕೊಳವೆ ಹಾಕಿಸಿದರು. ಅಡುಗೆ ಮುಗಿದ ಕೂಡಲೇ ಸಿಲಿಂಡರಿನ ತಿರುಪನ್ನೇ ಬಂದ್ ಮಾಡುವುದು ರೂಢಿಯಾಯಿತು. ಆಗಾಗ ಕೊಳವೆಯ ಸಂದುಗಳಿಗೆ ಸೋಪಿನ ನೊರೆ ಹಚ್ಚಿ ಗುಳ್ಳೆ ಏಳುತ್ತದೋ ಎಂದು ನೋಡುತ್ತಿದ್ದರು. ಗ್ಯಾಸ್ ಸೋರಿದರೆ ಕೂಗುವ ಯಂತ್ರವೊಂದನ್ನು ನಾನು ತಂದುಕೊಟ್ಟೆ. ಅಡುಗೆ ಅನಿಲ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ ಎಂದು ಹೇಳಿದ್ದಕ್ಕೆ ಅದನ್ನು ನೆಲದಿಂದ ಗೇಣೆತ್ತರದಲ್ಲಿ ತಾವೇ ಮೊಳೆ ಹೊಡೆದು ಕೂರಿಸಿದರು. ಅಪ್ಪ ಬಂದು ಅದನ್ನು ಬಗ್ಗಿ ನೋಡಿದರು.

‘ಯಂತ್ರ ಕೆಟ್ರೆ?’

‘ನಿನ್ನ ಮೂಗಿಗೆ ನೆಗಡಿ ಬಂದ್ರೆ?’ ಎಂದರು ಅತ್ತೆ.

ಅಣ್ಣತಂಗಿಯರ ಈ ಜಗ್ಗಾಟ ಹಬ್ಬದ ರಜೆ ಹತ್ತಿರ ಬರುವ ತನಕ ನಡೆಯಿತು. ಹಬ್ಬದ ಮಧ್ಯಾಹ್ನ ನಮ್ಮ ಮನೆಯಲ್ಲಿ ಎಲ್ಲರೂ ಸೇರಿ ಊಟ ಮಾಡುತ್ತೇವೆ. ಆ ಊಟಕ್ಕೆ ಗೆಣಸಿನ ಸಿಹಿ ಇರಲೇಬೇಕು. ಮೊದಲು ಅಜ್ಜಿ ಮಾಡುತ್ತಿದ್ದರು, ಅವರು ಹೋದ ಮೇಲೆ ಅತ್ತೆ. ಈ ಸಲ ಅಂಗಡಿಯಿಂದ ತರಿಸಿದರಾಯಿತು ಎಂದು ಅಪ್ಪ ಫೋನಿನಲ್ಲಿ ಅಂದರು. ಅತ್ತೆ ಅಲ್ಲೇ ಪಂದ್ಯ ಕಟ್ಟಿದರಂತೆ.

‘ಸಿಹಿ ನಾನೇ ಮಾಡ್ತೀನಿ. ಕೆಟ್ಟು ಹೋದ್ರೆ ಒಲೆ ಹೊತ್ಕೊಂಡು ಹೋಗು, ನಿನ್ನ ಹಿಂದಿನ ಕೋಣೆಗೇ ಬರ್ತೀನಿ. ಚೆನ್ನಾಗಾದ್ರೆ ಈ ಮಾತು ಇಲ್ಲಿಗೆ ಬಿಡಬೇಕು.’

ಅಪ್ಪ ಒಪ್ಪಿಕೊಂಡರು. ಒಪ್ಪಿಕೊಂಡವರು, ಹಬ್ಬದ ಬೆಳಿಗ್ಗೆ ನನ್ನನ್ನು ಪಕ್ಕಕ್ಕೆ ಕರೆದು, ಅತ್ತೆಗೆ ಸಹಾಯ ಮಾಡುವ ನೆಪದಲ್ಲಿ ಹೋಗಿ ರುಚಿ ನೋಡಿಕೋ, ಸಕ್ಕರೆ ಹೆಚ್ಚುಕಮ್ಮಿ ಆದರೆ ಗೊತ್ತಾಗದ ಹಾಗೆ ಸರಿಮಾಡು ಎಂದರು. ತಂಗಿಯನ್ನು ಗೆಲ್ಲಿಸಲು ನೋಡುತ್ತಿದ್ದರೋ, ಮಾನ ಉಳಿಸಲು ನೋಡುತ್ತಿದ್ದರೋ, ಪ್ರಾಯಶಃ ಅವರಿಗೂ ತಿಳಿದಿರಲಿಲ್ಲ.

ನಾನು ಹೋದಾಗ ಅತ್ತೆ ಗೆಣಸು ತೊಳೆದು ಹಬೆಗೆ ಇಟ್ಟಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಣ್ಣ ಕಳಿಸಿದ್ನಾ? ಬಾ. ಕೈಗೆ ಕೆಲಸ ಕೊಡ್ತೀನಿ, ಬಾಯಿಗೆ ಕೊಡಲ್ಲ’ ಎಂದರು. ಅಲ್ಲಿಗೆ ಅಪ್ಪನ ಯೋಜನೆ ನೆಗೆದುಬಿತ್ತು.

ಅವರು ತಂದಿದ್ದು ಹೊಸದಾಗಿ ಅಗೆದ ಗೆಣಸಲ್ಲ, ಕೆಲವು ವಾರ ಇಟ್ಟು ಸಿಪ್ಪೆ ಸ್ವಲ್ಪ ಸುಕ್ಕಾದದ್ದು. ಇಟ್ಟ ಗೆಣಸಿನಲ್ಲಿ ಪಿಷ್ಟ ಸಕ್ಕರೆಗೆ ತಿರುಗಿರುತ್ತದೆ, ನಿಧಾನ ಉರಿಯಲ್ಲಿ ಬೇಯಿಸಿದರೆ ಇನ್ನಷ್ಟು ತಿರುಗುತ್ತದೆ. ಅಜ್ಜಿಗೆ ಪಿಷ್ಟ ಎಂಬ ಮಾತು ಗೊತ್ತಿರಲಿಲ್ಲ, ಸುಕ್ಕಿನ ಗೆಣಸೇ ಬೇಕು ಎನ್ನುವುದು ಗೊತ್ತಿತ್ತು. ಬೆಂದ ಗೆಣಸನ್ನು ನಾವಿಬ್ಬರೂ ಸಿಪ್ಪೆ ಸುಲಿದು, ಬಿಸಿ ಇರುವಾಗಲೇ ಜರಡಿಯ ಮೇಲೆ ಉಜ್ಜಿ ನಾರು ತೆಗೆದೆವು. ಅತ್ತೆ ದಪ್ಪ ತಳದ ಪಾತ್ರೆಯಲ್ಲಿ ಬೆಣ್ಣೆ ಕರಗಿಸಿ, ಗೆಣಸು, ಹಾಲು ಹಾಕಿ ತಿರುವಲು ನಿಂತರು. ಸಕ್ಕರೆಯನ್ನು ಒಮ್ಮೆಗೇ ಸುರಿಯಲಿಲ್ಲ. ಸ್ವಲ್ಪ ಹಾಕುವುದು, ಚಮಚದ ತುದಿಯಿಂದ ಒಂದು ಹನಿ ತೆಗೆದು ಹೆಬ್ಬೆರಳು ತೋರುಬೆರಳ ನಡುವೆ ಇಟ್ಟು ಒತ್ತಿ ಬಿಡುವುದು. ಬೆರಳು ಬಿಡುವಾಗ ಎಷ್ಟು ಜಿಗುಟು ಎಂಬುದೇ ಅವರಿಗೆ ಲೆಕ್ಕ. ಹಾಗೆ ಮಾಡುವಾಗ ಅವರ ಕಣ್ಣು ಕಿಟಕಿಯಾಚೆ ಇತ್ತು.

‘ಅತ್ತೆ, ಒಂದೇ ಒಂದು ಚೂರು ನಾನು ನೋಡ್ಲಾ?’

‘ನಾಳೆ ನೀನಿರ್ತೀಯಾ ಇಲ್ಲಿ? ನಾಡಿದ್ದು?’

ಜರಡಿ ತೊಳೆಯಲು ನಾನು ಹಿಂದಿನ ನಲ್ಲಿಗೆ ಹೋದೆ. ಅಷ್ಟರಲ್ಲಿ ಮುಂದಿನ ಬಾಗಿಲನ್ನು ಯಾರೋ ಬಡಿದರು. ಹಬ್ಬಕ್ಕೆ ನೆಂಟರ ಮನೆಗೆ ಹೊರಟ ಹೆಂಗಸೊಬ್ಬರು ಕೀಲಿಕೈ ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡಿದ್ದರು. ಅತ್ತೆ ಉರಿ ಸಣ್ಣ ಮಾಡಿ ಹೋಗಿ, ಮಧ್ಯಾಹ್ನದ ಮೇಲೆ ಬಂದು ತೆಗೆದುಕೊಡುತ್ತೇನೆ ಎಂದು ಹೇಳಿದರು. ಆಕೆಗೆ ಈಗಲೇ ಆಗಬೇಕಿತ್ತು. ಮಾತಿಗೆ ಮಾತು ಬೆಳೆಯಿತು. ನಾನು ಜರಡಿ ಹಿಡಿದು ಒಳಗೆ ಬರುವುದಕ್ಕೂ ಅತ್ತೆ ಒಲೆಯ ಹತ್ತಿರ ಬಂದು ಸೌಟು ಎತ್ತಿಕೊಳ್ಳುವುದಕ್ಕೂ ಸರಿಹೋಯಿತು. ನನ್ನ ಮೂಗಿಗೆ ಸೀದ ವಾಸನೆ ಸಣ್ಣಗೆ ತಗುಲಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆಯ ಕೈ ನಿಂತಿತ್ತು. ಸೌಟು ತಳ ಮುಟ್ಟಿದಾಗ ನುಣುಪಾಗಿ ಜಾರದೆ ಗರಗರ ಎಂದದ್ದು ಅವರ ಕೈಗೆ ಸಿಕ್ಕಿತ್ತು.

‘ಹಿಡೀತು’ ಎಂದರು.

ಒಲೆ ಆರಿಸಿ, ತಳವನ್ನು ಕೆರೆಯದೆ, ಮೇಲಿನದನ್ನು ಮಾತ್ರ ಮೆಲ್ಲಗೆ ಇನ್ನೊಂದು ಪಾತ್ರೆಗೆ ಬಗ್ಗಿಸಿ, ಅದನ್ನು ಒಲೆಗೇರಿಸಿದರು. ಗೆಣಸು ಇನ್ನೂ ಉಳಿದಿದೆ, ಹೊತ್ತೂ ಇದೆ, ಹೊಸದಾಗಿ ಮಾಡೋಣ ಎಂದೆ ನಾನು. ಕೇಳಿಸಲಿಲ್ಲ ಎನ್ನುವಂತೆ ಅವರು ತಿರುವುತ್ತಲೇ ಇದ್ದರು. ಪಾತ್ರೆಯ ಬದಿ ಬಿಟ್ಟು ಮುದ್ದೆ ಒಟ್ಟಾದಾಗ ಜಾಯಿಕಾಯಿ ತುರಿದು ಹಾಕಿ, ಬೆಣ್ಣೆ ಸವರಿದ ತಟ್ಟೆಗೆ ಸುರಿದು, ಬಟ್ಟಲಿನ ಹಿಂಬದಿಯಿಂದ ಮಟ್ಟ ಮಾಡಿದರು. ನಮ್ಮ ಮನೆಗೆ ಬರುವ ದಾರಿಯಲ್ಲಿ ತಟ್ಟೆಯನ್ನು ನನ್ನ ಕೈಗೆ ಕೊಡಲಿಲ್ಲ.

ನಮ್ಮ ಮನೆಯಲ್ಲಿ ಚಿಕ್ಕಪ್ಪ, ಚಿಕ್ಕಮ್ಮ, ಅವರ ಮಕ್ಕಳು ಆಗಲೇ ಬಂದಿದ್ದರು. ತಟ್ಟೆಯನ್ನು ತಣ್ಣಗಿಡಲು ಅತ್ತೆ ಫ್ರಿಜ್ ತೆರೆದರು. ಮಧ್ಯದ ಅರೆಯಲ್ಲಿ, ಮೊಸರಿನ ಪಾತ್ರೆಯ ಹಿಂದೆ, ಅಂಗಡಿಯ ಸಿಹಿಯ ದೊಡ್ಡ ಪೊಟ್ಟಣವಿತ್ತು. ಅಮ್ಮ ನನ್ನ ಮುಖ ನೋಡಿದರು, ನಾನು ಗೋಡೆ ನೋಡಿದೆ. ಅತ್ತೆ ಪೊಟ್ಟಣವನ್ನು ಹೊರಗೆ ತೆಗೆದು, ದಾರ ಬಿಚ್ಚಿ, ಊಟದ ಮೇಜಿನ ನಡುವೆ ಇಟ್ಟರು. ಅದರ ಪಕ್ಕಕ್ಕೇ ತಮ್ಮ ತಟ್ಟೆ ಇಟ್ಟರು.

‘ನಾನು ಸೋಲ್ತೀನಿ ಅಂತ ಮೊದಲೇ ತಂದಿಟ್ಟಿದೀಯಲ್ಲ ಅಣ್ಣ. ಬಚ್ಚಿಡೋದ್ಯಾಕೆ, ಇಲ್ಲೇ ಇರಲಿ.’

ಮಕ್ಕಳು ಜಾಸ್ತಿ ಇದ್ದಾರೆ, ಸಾಲದೆ ಹೋದರೆ ಎಂದು ಅಪ್ಪ ಏನೋ ಗೊಣಗಿದರು.

ಊಟ ಮುಗಿದು ಸಿಹಿಯ ಸರದಿ ಬಂತು. ಅತ್ತೆ ಚಾಕು ಹಿಡಿದು, ಯಾರೂ ಚೆನ್ನಾಗಿದೆ ಎಂದು ಹೇಳಕೂಡದು ಎಂದರು. ‘ನನಗೆ ವಾಸನೆ ಬರಲ್ಲ ಅಂತ ಸುಳ್ಳು ಬಡಿಸಬೇಡಿ.’ ಆದರೂ ಚಿಕ್ಕಮ್ಮ ಮೊದಲ ತುತ್ತಿಗೇ ಬೆಣ್ಣೆಯ ಹಾಗಿದೆ ಎಂದರು. ಅಮ್ಮ ಪ್ರತಿ ವರ್ಷಕ್ಕಿಂತ ಈ ವರ್ಷವೇ ಒಂದು ಕೈ ಮೇಲು ಎಂದರು. ಚಿಕ್ಕಪ್ಪ ಕಣ್ಣು ಮುಚ್ಚಿಕೊಂಡು ತಲೆ ಆಡಿಸಿದರು, ಅವರು ಉಪ್ಪಿನಕಾಯಿಗೂ ಹಾಗೆಯೇ ತಲೆ ಆಡಿಸುವವರು. ನಾನು ತಿಂದೆ. ಸಿಹಿ ಸರಿಯಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ತುತ್ತು ಇಳಿದ ಮೇಲೆ, ಗಂಟಲ ಹತ್ತಿರ, ತೆಳ್ಳಗೆ ಸೀದ ರುಚಿ ಉಳಿಯುತ್ತಿತ್ತು.

ಅಪ್ಪ ನಿಧಾನವಾಗಿ ತಿಂದರು. ಚಮಚ ಕೆಳಗಿಟ್ಟರು. ಮೇಜಿನ ಸುತ್ತ ಎಲ್ಲರೂ ಅವರನ್ನೇ ನೋಡುತ್ತಿದ್ದರು. ಸುಳ್ಳು ಹೇಳಿ ತಂಗಿಯನ್ನು ಆ ಒಲೆಯ ಮುಂದೆ ಬಿಡುವುದೋ, ನಿಜ ಹೇಳಿ ಕರೆದುಕೊಂಡು ಬರುವುದೋ. ಅವರ ಕಷ್ಟ ನನಗೆ ಕಾಣುತ್ತಿತ್ತು.

‘ತಳ ಹಿಡಿದಿದೆ’ ಎಂದರು.

ಅಮ್ಮ ‘ಹಬ್ಬದ ದಿನ ಇದೇನ್ರೀ’ ಎಂದು ಮೆಲ್ಲಗೆ ಗದರಿದರು.

‘ಬಿಡಿ ಅತ್ತಿಗೆ. ಈ ಮನೇಲಿ ನಿಜ ಹೇಳಿದ್ದು ಇವನೊಬ್ಬನೇ.’ ಅತ್ತೆ ಚಾಕುವನ್ನು ತಟ್ಟೆಯ ಅಂಚಿಗೆ ಒರಗಿಸಿಟ್ಟರು. ‘ಹಿಡಿದಿದೆ. ನನಗೆ ಒಲೆ ಹತ್ರಾನೇ ಗೊತ್ತಾಯ್ತು.’

‘ಗೊತ್ತಿದ್ದೂ ತಂದ್ಯಾ?’

‘ಬಾಗಿಲಿಗೆ ಜನ ಬಂದ್ರು, ಮಾತಾಡ್ತಾ ನಿಂತೆ, ಹಿಡೀತು. ಅದಕ್ಕೂ ಮೂಗಿಗೂ ಏನು ಸಂಬಂಧ? ಬೇರೆ ಮಾಡಿ ತರಬಹುದಿತ್ತು, ಬೇಕು ಅಂತಾನೇ ತರಲಿಲ್ಲ. ಅಣ್ಣ, ನೀನೇ ಹೇಳು. ಅಮ್ಮ ಮಾಡಿದಾಗ ತಳ ಹಿಡೀದೆ ಇದ್ದ ವರ್ಷ ಯಾವುದು?’

ಚಿಕ್ಕಪ್ಪ ನಗು ತಡೆಯಲಾಗದೆ, ಅಜ್ಜಿ ನೆರೆಮನೆಯವಳ ಜೊತೆ ಮಾತಿಗೆ ನಿಂತರೆ ಪಾತ್ರೆ ಕೆರೆಯುವ ಕೆಲಸ ಮಕ್ಕಳದೇ ಆಗುತ್ತಿತ್ತು ಎಂದರು.

‘ಅಮ್ಮನಿಗೆ ಮೂಗಿತ್ತು, ನಾಲಿಗೆ ಇತ್ತು. ಆದ್ರೂ ಹಿಡೀತಿತ್ತು. ಆಗ ಅವಳ ಒಲೆ ಯಾರಾದ್ರೂ ಹೊತ್ಕೊಂಡು ಹೋದ್ರಾ? ನೀನು ಇನ್ನೊಂದು ತುಂಡು ಕೇಳ್ತಿದ್ದೆ. ನಾನು ಮಾಡಿದ್ರೆ ಮಾತ್ರ ಕೂದಲೆಳೆ ತಪ್ಪಾಗಬಾರದಾ?’

‘ಸಿಹಿ ಮಾತಲ್ಲ ಇದು. ಬೆಳಿಗ್ಗೆ ಫೋನ್ ಬಡ್ಕೊಂಡ್ರೆ ಸಾಕು, ನನ್ನ ಎದೆ ಹೊಡ್ಕೊಳ್ಳುತ್ತೆ ಕಣೆ.’ ಅಪ್ಪನ ದನಿ ಸಣ್ಣದಾಗಿತ್ತು. ನಮ್ಮೆದುರು ಅವರು ಹಾಗೆ ಮಾತಾಡಿದ್ದು ನಾನು ಕೇಳಿರಲಿಲ್ಲ.

ಅತ್ತೆಯ ಮುಖ ಸ್ವಲ್ಪ ಸಡಿಲವಾಯಿತು. ಮಾತು ಸಡಿಲವಾಗಲಿಲ್ಲ.

‘ಹೊಡ್ಕೊಳ್ಳಲಿ. ನಿನ್ನ ಎದೆ ಸುಮ್ಮನಿರಲಿ ಅಂತ ನಾನು ನಿನ್ನ ಹಿಂದಿನ ಕೋಣೇಲಿ ಕೂರೋಕಾಗಲ್ಲ. ಕೊಳವೆ ನೋಡ್ತೀನಿ, ತಿರುಪು ಬಂದ್ ಮಾಡ್ತೀನಿ, ಯಂತ್ರ ಹಾಕಿದೀನಿ. ನಿನ್ನ ಮನೇಲಿ ಇಷ್ಟರಲ್ಲಿ ಒಂದಾದ್ರೂ ಇದೆಯಾ, ಎದ್ದು ಹೋಗಿ ನೋಡು.’

ಅಮ್ಮ ಅಡುಗೆಮನೆಯ ಕಡೆ ಒಮ್ಮೆ ತಿರುಗಿ ನೋಡಿದರು.

ಪಂದ್ಯದಲ್ಲಿ ಮಾತು ಕೊಟ್ಟಿದ್ದೆಯಲ್ಲ ಎಂದು ಅಪ್ಪ ಕೊನೆಯ ಪಟ್ಟು ಹಾಕಿದರು. ಕೆಟ್ಟರೆ ಬರುತ್ತೇನೆ ಎಂದವಳು ನೀನೇ.

‘ಹೌದು, ಅಂದೆ. ಅದೇ ನನ್ನ ತಪ್ಪು. ನನ್ನ ಒಲೆ ನಂದು ಅನ್ನೋದಕ್ಕೆ ಪಂದ್ಯ ಯಾಕೆ ಕಟ್ಟಬೇಕಿತ್ತು? ಗೆದ್ರೆ ಈ ವರ್ಷಕ್ಕೆ ಉಳೀತು, ಮುಂದಿನ ವರ್ಷ ಮತ್ತೆ ಪರೀಕ್ಷೆ. ಆ ಮಾತು ವಾಪಸ್ ತಗೊಂಡೆ. ಸೋತೆ ಅಂತ ಬೇಕಾದ್ರೆ ಬರ್ಕೊ, ಮನೆಗೆ ಮಾತ್ರ ಬರಲ್ಲ.’

ಮಕ್ಕಳಲ್ಲಿ ಚಿಕ್ಕದು, ಇಷ್ಟು ಹೊತ್ತು ಯಾರ ಮಾತಿಗೂ ಕಿವಿಗೊಡದೆ, ಅತ್ತೆಯ ತಟ್ಟೆಯಿಂದ ಕೈಯಲ್ಲೇ ಒಂದು ತುಂಡು ಎತ್ತಿಕೊಂಡು ತಿನ್ನುತ್ತಿತ್ತು. ಯಾರೂ ಗದರಲಿಲ್ಲ. ಅಪ್ಪ ಚಮಚ ಎತ್ತಿಕೊಂಡು ತಮ್ಮ ತಟ್ಟೆಯಲ್ಲಿ ಉಳಿದಿದ್ದನ್ನು ತಿಂದು ಮುಗಿಸಿದರು. ಇನ್ನೊಂದು ತುಂಡು ಹಾಕಿಸಿಕೊಳ್ಳಲಿಲ್ಲ, ಅತ್ತೆಯೂ ಹಾಕಲು ಹೋಗಲಿಲ್ಲ.

ಬೀಗ ತೆಗೆದುಕೊಡಬೇಕಿದ್ದ ಹೆಂಗಸು ಕಾಯುತ್ತಿರುತ್ತಾಳೆ ಎಂದು ಅತ್ತೆ ಬೇಗನೆ ಎದ್ದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಅಪ್ಪ ಬಾಗಿಲ ತನಕ ಬಂದರು. ಹೇಳಬೇಕಾದ್ದು ಬಹಳ ಇತ್ತೇನೋ, ಬಾಯಿಗೆ ಬಂದದ್ದು ಇಷ್ಟೇ:

‘ತಲುಪಿದ ಮೇಲೆ ಒಂದು ಫೋನ್ ಮಾಡು.’

‘ಮಾಡಲ್ಲ. ಬೇಕಿದ್ರೆ ನೀನೇ ಮಾಡು,’ ಅತ್ತೆ ಆಗಲೇ ಎರಡು ಮೆಟ್ಟಿಲು ಇಳಿದಿದ್ದರು, ‘ಸಂಜೆ ಚಹಾ ಕಾಯಿಸ್ತಾ ಇರ್ತೀನಿ.’