ನಲವತ್ತು ದಿನದ ಒಂದೇ ಚಿತ್ರ

ಫೋಟೋ ತೆಗೆಯುವುದನ್ನು ಕಲಿಯಲು ಹೋದವರ ಮುಂದೆ ಮೊದಲ ದಿನವೇ ಮದುಮಗಳನ್ನೋ ನವಿಲನ್ನೋ ತಂದು ನಿಲ್ಲಿಸುತ್ತಾರೆ ಎಂದುಕೊಂಡಿದ್ದರೆ ಅದು ನಿಮ್ಮ ಭ್ರಮೆ. ಹೊನ್ನಾಳಿಯಲ್ಲಿ ತರಗತಿ ನಡೆಸುವ ಗುರುಬಸವರಾಜ್ ಮೇಷ್ಟ್ರು ಮೊದಲ ವಾರ ನೀರಿನ ಲೋಟದ ನೆರಳು ತೆಗೆಸುತ್ತಾರೆ, ಎರಡನೇ ವಾರ ಕಿಟಕಿ ಪಕ್ಕ ಇಟ್ಟ ಟೊಮೆಟೊ. ಆಮೇಲೆ ಬರುತ್ತದೆ ನೋಡಿ, ನಲವತ್ತು ದಿನದ ಅಭ್ಯಾಸ. ಒಂದೇ ಜಾಗ, ಒಂದೇ ಹೊತ್ತು, ಒಂದೇ ನೋಟ. ಕ್ಯಾಮೆರಾ ಕೂದಲೆಳೆಯಷ್ಟೂ ಅಲುಗಬಾರದು, ಬೆಳಕು ಮಾತ್ರ ಬದಲಾಗಬೇಕು. ಅರ್ಧ ಜನ ಹತ್ತನೇ ದಿನಕ್ಕೇ ಕೈಚೆಲ್ಲುತ್ತಾರೆ. ಚೌಡೇಶ್ವರಿ ಆ ಪೈಕಿಯಲ್ಲ.

ಅವಳಿಗೆ ಮೂವತ್ತನಾಲ್ಕು. ಊರು ನ್ಯಾಮತಿಯಿಂದ ಸೂರಗೊಂಡನಕೊಪ್ಪಕ್ಕೆ ಹೋಗುವ ದಾರಿಯಲ್ಲಿದೆ. ಗಂಡನ ಮನೆ ಹೊಂದದೆ ಎಂಟು ವರ್ಷದ ಹಿಂದೆ ತವರಿಗೆ ಬಂದವಳು, ರವಿಕೆ ಹೊಲಿದುಕೊಂಡು ತನ್ನ ಖರ್ಚು ತಾನೇ ನೋಡಿಕೊಂಡಳು. ಅಣ್ಣ ಸಿದ್ದೇಶ್ ಒಂದು ದಿನವೂ ಮುಖ ಗಂಟಿಕ್ಕಲಿಲ್ಲ. ಅಪ್ಪ ತೀರಿಕೊಂಡ ಮೇಲೆ, ಅವಳು ಬಾಯಿ ಬಿಡುವ ಮೊದಲೇ, ಮನೆ ಎದುರಿನ ಎರಡೆಕರೆಯಲ್ಲಿ ಒಂದೆಕರೆ ಅವಳ ಹೆಸರಿಗೆ ಮಾಡಿಸಿದ. ಪಾಲು ಕೇಳಿದ ಹೆಣ್ಣುಮಕ್ಕಳಿಗೆ ತವರಿನ ಬಾಗಿಲು ಮುಚ್ಚಿದ್ದನ್ನು ಅವಳು ಬೇಕಾದಷ್ಟು ಕಂಡಿದ್ದಳು. ಹಾಗಾಗಿ ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವರಿಗೂ ಅಣ್ಣನ ಗುಣ ಹಾಡಿಕೊಂಡು ತಿರುಗಿದಳು. ಹೊಲ ಅಳೆಸಿಬಿಡಿ ಎಂದು ಊರಿನ ಹಿರಿಯರೊಬ್ಬರು ಹೇಳಿದ್ದಕ್ಕೆ ಸಿದ್ದೇಶ್, ಅಣ್ಣ ತಂಗಿ ನಡುವೆ ಸರ್ವೆ ಸರಪಳಿ ಯಾಕೆ ಅಂದುಬಿಟ್ಟ. ಎಷ್ಟು ಚಂದದ ಮಾತು. ರಸ್ತೆ ಕಡೆಯ ತುದಿಗೆ ಒಂದು ಕಲ್ಲು ನೆಟ್ಟರು, ಹಿಂದಿನ ತುದಿಗೆ ಕರೆಂಟ್ ಕಂಬ ಇದ್ದೇ ಇತ್ತು. ಕಲ್ಲಿಂದ ಕಂಬದ ನೇರಕ್ಕೆ ಎಡಗಡೆ ಅಣ್ಣನದು, ಬಲಗಡೆ ತಂಗಿಯದು. ರಸ್ತೆ ಬದಿಯ ತನ್ನ ಜಾಗದಲ್ಲಿ ಒಂದು ಸ್ಟುಡಿಯೊ ಕಟ್ಟಬೇಕೆಂಬುದು ಚೌಡೇಶ್ವರಿಯ ಆಸೆ. ಶಿವಮೊಗ್ಗದಲ್ಲಿ ಹಳೆಯದೊಂದು ಕ್ಯಾಮೆರಾ ಹುಡುಕಿ ಕೊಡಿಸಿದವನೂ ಸಿದ್ದೇಶನೇ.

ನಲವತ್ತು ದಿನದ ಅಭ್ಯಾಸಕ್ಕೆ ಅವಳು ಆರಿಸಿಕೊಂಡಿದ್ದು ಆ ಹೊಲವನ್ನೇ. ತಾರಸಿಯ ಮೋಟುಗೋಡೆಯ ಮೇಲೆ ಕ್ಯಾಮೆರಾದ ಸುತ್ತ ನೀಲಿ ಬಣ್ಣದಲ್ಲಿ ಗೆರೆ ಎಳೆದುಕೊಂಡಳು. ದಿನಾ ಬೆಳಿಗ್ಗೆ ಆರೂವರೆಗೆ ಗೆರೆಯೊಳಗೆ ಕ್ಯಾಮೆರಾ ಇಟ್ಟು ಒಂದೇ ಒಂದು ಚಿತ್ರ ತೆಗೆಯುವಳು. ಇಪ್ಪತ್ಮೂರನೇ ದಿನ ಮಾತ್ರ ಬೆಳಿಗ್ಗೆ ಮಳೆ ಹಿಡಿದುಕೊಂಡಿತ್ತು. ಹೊನ್ನಾಳಿಯಿಂದ ಬಂದವಳೇ ಸಂಜೆ ತಾರಸಿ ಹತ್ತಿದಳು. ಹೊಲದಲ್ಲಿ ಅಣ್ಣ ಮತ್ತು ಅವ್ವ ಬಗ್ಗಿಕೊಂಡಿದ್ದರು. ಕಳೆ ಕೀಳುತ್ತಿರಬೇಕು ಎಂದುಕೊಂಡು, ಮೋಡದ ಕಡೆಗೇ ಕಣ್ಣಿಟ್ಟು ಗುಂಡಿ ಒತ್ತಿದಳು.

ನಲವತ್ತೂ ಮುಗಿದ ಮೇಲೆ ಮೇಷ್ಟ್ರು ತರಗತಿಯ ಕಂಪ್ಯೂಟರಿನಲ್ಲಿ ಎಲ್ಲವನ್ನೂ ಸರಸರನೆ ಓಡಿಸಿದರು. ಸಂಜೆಯದು ಲೆಕ್ಕಕ್ಕಿಲ್ಲ ಎಂದು ಅದೊಂದನ್ನು ಪಕ್ಕಕ್ಕಿಟ್ಟರು. ಮೋಡ ಬಂತು, ಹೋಯಿತು, ಮೆಕ್ಕೆಜೋಳ ಚಿಗುರಿತು. ಮೊದಲ ಚಿತ್ರದಲ್ಲಿ ಕಂಬದ ನೇರಕ್ಕೆ ನಿಂತಿದ್ದ ಕಲ್ಲು ಮಾತ್ರ ಮೆಲ್ಲಗೆ ಬಲಕ್ಕೆ ನಡೆಯಿತು.

"ನಿಮ್ಮ ಕ್ಯಾಮೆರಾ ಅಲುಗೈತ್ರಿ," ಅಂದರು ಮೇಷ್ಟ್ರು.

ಅವಳಿಗೆ ನಾಚಿಕೆಯಾಯಿತು. ಪಾಪ, ಊರಿನ ಬಸ್ ಸ್ಟಾಪಿನವರೆಗೂ ತನ್ನ ಕೈಯನ್ನೇ ಬೈದುಕೊಂಡಳು. ಮನೆಗೆ ಬಂದು ನೀಲಿ ಗೆರೆ ನೋಡಿದಳು, ಸರಿಯಾಗಿಯೇ ಇತ್ತು. ಮೊಬೈಲಿನಲ್ಲಿ ಮೊದಲ ಚಿತ್ರವನ್ನೂ ಕೊನೆಯದನ್ನೂ ಅಕ್ಕಪಕ್ಕ ಇಟ್ಟುಕೊಂಡಳು. ಕ್ಯಾಮೆರಾ ಅಲುಗಿದ್ದರೆ ಕಂಬವೂ ಸರಿಯಬೇಕಿತ್ತು, ಬೇವಿನ ಮರವೂ ಸರಿಯಬೇಕಿತ್ತು. ಅವೆರಡೂ ಇದ್ದಲ್ಲೇ ಇದ್ದವು. ಇಳಿದು ಹೋಗಿ ಹೊಲದ ತುದಿಯಲ್ಲಿ, ಮೊದಲ ಚಿತ್ರದಲ್ಲಿ ಕಲ್ಲು ಇದ್ದ ಜಾಗದಿಂದ ಅಳೆದಳು. ಕಲ್ಲು ನಾಲ್ಕು ಮೊಳ ಅವಳ ಕಡೆಗೆ ಬಂದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರು ಕೊಡುವುದು?

ಆಗ ಮೇಷ್ಟ್ರು ಪಕ್ಕಕ್ಕಿಟ್ಟ ಸಂಜೆಯ ಚಿತ್ರ ನೆನಪಾಯಿತು. ತೆರೆದು ದೊಡ್ಡದು ಮಾಡಿದಳು. ಅಣ್ಣ ಹಾರೆಯನ್ನು ಕಲ್ಲಿನ ಬುಡಕ್ಕೆ ಹಾಕಿ ಮೀಟುತ್ತಿದ್ದ. ಅಣ್ಣ ಮೀಟಿದ್ದನ್ನು ಅವಳು ಹೇಗಾದರೂ ನುಂಗಿಕೊಳ್ಳುತ್ತಿದ್ದಳೇನೋ. ಆ ಕಡೆ ನಿಂತು ಎರಡೂ ಕೈಯಲ್ಲಿ ಕಲ್ಲನ್ನು ತಬ್ಬಿ ಹಿಡಿದಿದ್ದವಳು ಅವಳನ್ನು ಹೆತ್ತ ಉಚ್ಚಂಗೆಮ್ಮ. ಮುನ್ನೂರು ಮಂದಿಯ ಮುಂದೆ ಅಣ್ಣನನ್ನು ಹೊಗಳಿದ್ದ ಚೌಡೇಶ್ವರಿ ಮೊಬೈಲ್ ಹಿಡಿದು ಎದ್ದಳು.

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಮುಂದೆ ಚಿತ್ರ ಹಿಡಿದಳು. ಉಚ್ಚಂಗೆಮ್ಮ ನೋಡಿದಳು, ಹಿಟ್ಟಿನ ಕೈ ಒರೆಸಿಕೊಂಡಳು. ಸುಳ್ಳು ಹೇಳುವ ಗೋಜಿಗೂ ಹೋಗಲಿಲ್ಲ.

"ಅವನಿಗೆ ಇಬ್ರು ಗಂಡುಮಕ್ಳು ಅದಾರೆ ಚೌಡಿ. ನಿನ್ನ ಹಿಂದೆ ಯಾರದಾರೆ? ಅವನೊಬ್ಬನ ಕೈಲಿ ಕಲ್ಲು ಏಳ್ಲಿಲ್ಲ, ಅದಕ್ಕೆ ನಾನೂ ಕೈ ಕೊಟ್ಟೆ."

ಸಿದ್ದೇಶ್ ಬಂದವನು ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಾನು ಕೊಡಿಸಿದ ಕ್ಯಾಮೆರಾದಲ್ಲೇ ತನ್ನ ಮಾನ ತೆಗೆದಳೆಂದು ರೇಗಿದ, ಎಕರೆ ಕೊಟ್ಟವನಿಗೆ ನಾಲ್ಕು ಮೊಳ ಬಿಡಲಾರದವಳು ಎಂಥ ತಂಗಿ ಎಂದು ಕೇಳಿದ. ಕೊಟ್ಟದ್ದು ಹಗಲಲ್ಲಿ ಊರಿಗೆ ತೋರಿಸಲು, ಕಿತ್ತುಕೊಂಡದ್ದು ಅವಳು ಊರಲ್ಲಿಲ್ಲದ ಹೊತ್ತಿನಲ್ಲಿ. ಚೌಡೇಶ್ವರಿ ಅವತ್ತು ರಾತ್ರಿ ಊಟಕ್ಕೂ ಏಳಲಿಲ್ಲ.

ಮರುದಿನ ನ್ಯಾಮತಿಗೆ ಹೋಗಿ ಹೊಲ ಅಳೆಸಲು ಅರ್ಜಿ ಬರೆದಳು. ನೋಟಿಸ್ ಕೊಡಲು ಅಕ್ಕಪಕ್ಕದ ಹೊಲದವರ ಹೆಸರು ಬೇಕಿತ್ತು, ಅಣ್ಣನ ಹೆಸರು ಬರೆದಳು. ಗುಮಾಸ್ತ ಎರಡೂ ಕಡೆ ಒಂದೇ ತಂದೆಯ ಹೆಸರು ಇರುವುದನ್ನು ಕಂಡು ತಲೆ ಎತ್ತಿದ. ಇವರು ನಿಮಗೆ ಏನಾಗಬೇಕು ಎಂದು ಕೇಳಿದ.

"ಪಕ್ಕದ ಹೊಲದೋರು," ಅಂದಳು ಚೌಡೇಶ್ವರಿ.