ಬೀಳಲಾರದ ಹುಲಿ

ಅರಕೇರಾದ ಯಂಕೋಬ ದೇವದುರ್ಗದ ಹತ್ತಿ ಗಿರಣಿಯೊಂದರಲ್ಲಿ ಹಮಾಲಿ. ಲಾರಿಯಿಂದ ಇಳಿದ ಹತ್ತಿಯ ಅಂಡಿಗೆಗಳನ್ನು ಬೆನ್ನ ಮೇಲೆ ಹೊತ್ತು ಒಳಗೆ ಸಾಗಿಸುವುದರಲ್ಲೇ ಆತನ ವಯಸ್ಸು ಸವೆದಿದೆ. ಮಾತು ಕಡಿಮೆ. ನಡಿಗೆ ಸ್ವಲ್ಪ ಮುಂದಕ್ಕೆ ಬಾಗಿದ್ದು, ಎಡ ಮೊಣಕಾಲು ಮೆಟ್ಟಿಲು ಕಂಡರೆ ತಡೆಯುತ್ತದೆ. ಆದರೆ ಮೊಹರಂ ಹತ್ತಿರವಾಯಿತೆಂದರೆ ಊರಿನಲ್ಲಿ ಆತನಿಗೆ ಬೇರೆಯೇ ಹೆಸರು. ಪೀರಲ ದೇವರ ಸೇವೆ ಮಾಡುವ ಮೌಲಾಹುಸೇನ ಆತನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಮೈತುಂಬ ಹಳದಿ ಬಳಿದು, ಕಪ್ಪು ಪಟ್ಟೆ ಎಳೆದು, ಸೊಂಟಕ್ಕೆ ಬಾಲ ಕಟ್ಟುತ್ತಾನೆ. ಹಲಗೆ ವಾದ್ಯದ ಮೊದಲ ಪೆಟ್ಟು ಕೇಳಿದೊಡನೆ ಆ ಮೊಣಕಾಲಿಗೆ ತನ್ನ ನೋವಿನ ನೆನಪಿರುವುದಿಲ್ಲ. ಹೆಂಗಸರು ಕೂಸುಗಳನ್ನು ಎತ್ತಿ ತೋರಿಸುತ್ತಾರೆ: "ನೋಡಲೇ, ಹುಲಿ ಯಂಕೋಬ ಬಂದ."

ಈ ವೇಷ ಆತನ ಹವ್ಯಾಸವಲ್ಲ, ಹರಕೆ. ಮಗಳು ಅಂಬಿಕಾ ಎಳೆಗೂಸಾಗಿದ್ದಾಗ ಜ್ವರ ಬಂದು ಕಣ್ಣು ತೆರೆಯದೆ ಮಲಗಿದ್ದಳು. ಯಂಕೋಬ ಮೊಹರಮ್ಮಿನ ಬೆಂಕಿಗುಂಡಿಯಾದ ಅಲಾಯಿ ಕುಣಿಯ ಮುಂದೆ ನಿಂತು, ಕೂಸು ಎದ್ದು ಕುಳಿತರೆ ಅದರ ಓದು ಮುಗಿಯುವ ತನಕ ಪ್ರತಿ ಮೊಹರಮ್ಮಿಗೂ ಹುಲಿಯಾಗುತ್ತೇನೆ ಎಂದು ಬೇಡಿಕೊಂಡ. ಕೂಸು ಎದ್ದು ಕುಳಿತಿತು. ಶಾಲೆಯ ಮುಖ ಕಾಣದ ಮನುಷ್ಯ ಜ್ವರದ ಕೂಸಿನ ತಲೆಯ ಬಳಿ ನಿಂತು ಓದಿನ ಮಾತನ್ನೇಕೆ ಆಡಿದನೋ ನನಗೆ ತಿಳಿಯದು. ಆಡಿದ ಮಾತನ್ನು ಮಾತ್ರ ಒಂದು ವರ್ಷವೂ ತಪ್ಪಿಸಲಿಲ್ಲ.

ನನಗೆ ಆತನ ಪರಿಚಯವಾದದ್ದು ಮಗಳ ಮೂಲಕ. ಅವಳು ಓದುವ ರಾಯಚೂರಿನ ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರ್ ಪ್ರಯೋಗಾಲಯ ನನ್ನ ಸುಪರ್ದಿಯಲ್ಲಿದೆ. ಹಗಲೆಲ್ಲ ದುಡಿದು ಸಂಜೆಯ ತರಗತಿಗಳಲ್ಲಿ ಅಕ್ಷರ ಗಳಿಸಿದವಳು ನಾನು. ಯಂತ್ರದ ಮುಂದೆ ಕಾಲಹರಣ ಮಾಡುವ ಮಕ್ಕಳನ್ನು ಸಹಿಸುವುದಿಲ್ಲ. ಆದ್ದರಿಂದ ಕಡೆಯ ವರ್ಷದ ಮೂವರು, ತಮ್ಮ ಪ್ರಾಜೆಕ್ಟಿಗಾಗಿ ಹೊಡೆದಾಟದ ವಿಡಿಯೋ ಗೇಮ್ ಮಾಡುತ್ತೇವೆಂದು ಬಂದಾಗ ನನಗೆ ಸಂತೋಷವೇನೂ ಆಗಲಿಲ್ಲ. ಮೂವರಲ್ಲಿ ಚಿತ್ರ ಬರೆಯುವವಳು ಅಂಬಿಕಾ. ಪ್ರೋಗ್ರಾಂ ಬರೆಯುವವನು ಮಾನವಿಯಿಂದ ದಿನವೂ ಬಸ್ಸಿನಲ್ಲಿ ಬರುವ ಜಿಲಾನಿ ಪಾಷಾ. ಉಳಿದದ್ದನ್ನೆಲ್ಲ ಹೊಂದಿಸುವವಳು ರಾಯಚೂರಿನವಳೇ ಆದ ಪೂರ್ಣಶ್ರೀ. ಯಾರು ಯಾರೊಡನೆ, ಎಲ್ಲಿ, ಏತಕ್ಕೆ ಹೊಡೆದಾಡುತ್ತಾರೆ ಎಂಬ ಕಾನ್ಸೆಪ್ಟನ್ನು ಶುಕ್ರವಾರದೊಳಗೆ ಆರಿಸಿ ಹೇಳಬೇಕೆಂದು ಅವರ ಮಾರ್ಗದರ್ಶಕರಾದ ಶೇಷಗಿರಿ ಮೇಷ್ಟ್ರು ಅಪ್ಪಣೆ ಮಾಡಿದ್ದರು.

"ರೋಬೋ ಮಾಡೂಣು," ಎಂದ ಜಿಲಾನಿ. "ನೆಟ್ಟಿನ್ಯಾಗ ಬೊಂಬಿ ಪುಕ್ಕಟೆ ಸಿಗ್ತಾವ."

"ಪುಕ್ಕಟೆ ಸಿಗ್ತಾವಂತನ ಎಲ್ಲಾರೂ ಅದನ್ನ ಮಾಡ್ತಾರ," ಎಂದಳು ಪೂರ್ಣಶ್ರೀ. "ಸರ್ ಏನಂದಾರ? ನೋಡಿದ ಕೂಡ್ಲೆ ಇದು ರಾಯಚೂರಿಂದು ಅನಿಸಬೇಕಂತ."

"ಹಂಗಾರ ಬಸ್ಸಿನ ಸೀಟಿನ ಜಗಳ ಮಾಡೂಣು. ಒಬ್ಬ ಕಿಡಕ್ಯಾಗಿಂದ ಟವಲ್ ಒಗಿತಾನ, ಇನ್ನೊಬ್ಬ ಅದನ್ನ ಕಿತ್ತಿ ತಾ ಕುಂಡ್ರತಾನ. ಟವಲ್ ಒಂದು ಹತಿಯಾರ, ಕೈಚೀಲ ಒಂದು ಹತಿಯಾರ. ಕಂಡಕ್ಟರ್ ಬಂದ್ರ ಇಬ್ಬರೂ ಔಟ್."

"ಭಾರಿ ಅನುಭವಸ್ಥ ಅದೀ ಬಿಡು. ಮಾನವಿ ಬಸ್ಸಿನ್ಯಾಗ ದಿನಾ ಅದ ಕಸುಬು ನಿಂದು."

ಅಂಬಿಕಾ ತನ್ನ ಫೋನನ್ನು ಮೇಜಿನ ಮೇಲಿಟ್ಟಳು. ಅದರಲ್ಲಿ ಅರಕೇರಾದ ಹುಲಿ ಮತ್ತೊಂದು ಓಣಿಯ ಹುಲಿಯ ಎದುರಿಗೆ ಪಂಜ ಬೀಸುತ್ತಿತ್ತು. ಧೂಳು, ಹಲಗೆ, ಸಿಳ್ಳೆ. ಎರಡು ಹುಲಿಗಳೂ ಕತ್ತು ಬಗ್ಗಿಸಿ ಒಂದನ್ನೊಂದು ಸುತ್ತಿ, ಹಾರಿ, ಹಿಂದೆ ಸರಿದು, ಮತ್ತೆ ಹಾರುತ್ತಿದ್ದವು. ಕಠಿಣ ಸ್ವಭಾವದ ನಾನೂ ನನ್ನ ಕುರ್ಚಿಯಿಂದ ಎದ್ದು ಬಂದು ನೋಡಿದೆ.

"ಅರೆ ವ್ಹಾ, ಯಾರಿದು?" ಎಂದ ಜಿಲಾನಿ.

"ನಮ್ಮಪ್ಪ. ಬರೋ ಮೊಹರಮ್ಮಿಗಿ ಕಡೀದು. ನನ್ನ ಓದು ಮುಗೀತದ, ಅವನ ಹರಕಿನೂ ಮುಗೀತದ. ಕಾಲು ಹೋಗ್ಯಾವ ಅವನವು. ಒಂದ ಸಲ ಬಣ್ಣ ಇಳಿಸಿದ ಅಂದ್ರ ಮತ್ತ ಹಚ್ಚಂಗಿಲ್ಲ. ಅದಕ್ಕ, ಆಟದಾಗರ ಇರ್ಲಿ ಅಂತ."

ಬೇರೆ ಚರ್ಚೆಯೇ ನಡೆಯಲಿಲ್ಲ. ಹುಲಿಯೊಡನೆ ಹುಲಿ ಎಂದು ಮೂವರೂ ನಿಶ್ಚಯಿಸಿದರು. ಯಂಕೋಬನನ್ನು ಕರೆಸಿ ಒಂದೊಂದು ವರಸೆಯನ್ನೂ ಫೋನಿನಲ್ಲಿ ಹಿಡಿಯುವುದು, ಅಂಬಿಕಾ ಅದರ ಮೇಲೆ ಗೆರೆ ಎಳೆದು ಬಣ್ಣ ತುಂಬಿ ಚಿತ್ರ ಮಾಡುವುದು, ಎರಡು ಹುಲಿಗಳಿಗೂ ಅದೇ ಮೈಯನ್ನು ಬಳಸಿ ಪಟ್ಟೆಗಳನ್ನು ಮಾತ್ರ ಬದಲಿಸುವುದು. ಇದು ಅವರ ಯೋಜನೆ.

ಯಂಕೋಬ ದೇವದುರ್ಗದ ಬಸ್ಸಿಳಿದು ಕಾಲೇಜಿಗೆ ಬಂದ. ಕಾಲವಲ್ಲದ ಕಾಲದಲ್ಲಿ ಬಣ್ಣ ಹಚ್ಚುವುದಿಲ್ಲವೆಂದು ಮೊದಲೇ ತಿಳಿಸಿದ್ದ. ಬನಿಯನ್ ಚಡ್ಡಿಯಲ್ಲೇ ಪ್ರಯೋಗಾಲಯದ ಹಿಂದಿನ ಪಡಸಾಲೆಯಲ್ಲಿ ನಿಂತ. ಗೋಡೆಗೆ ಬಿಳಿ ಬಟ್ಟೆ ಕಟ್ಟಿ, ಪಕ್ಕದಲ್ಲಿ ಒಂದು ಗಾದಿ ಹಾಸಿದ್ದರು. ಜಿಲಾನಿ ಡಬ್ಬವೊಂದನ್ನು ಹಲಗೆಯ ಹಾಗೆ ಬಡಿದ. ಆ ಬಾಗಿದ ಮನುಷ್ಯನ ಕತ್ತು ಮೆಲ್ಲನೆ ಏರಿತು. ಭುಜಗಳು ಹಿಂದಕ್ಕೆ ಸರಿದವು. ಪಂಜ ಬೀಸಿದ, ಹಾರಿದ, ನೆಲದ ಮೇಲಿನ ನಿಂಬೆಹಣ್ಣನ್ನು ಕೈ ತಾಗಿಸದೆ ಹಲ್ಲಿನಿಂದ ಎತ್ತಿದ. ಪಕ್ಕದ ತರಗತಿಯ ಮಕ್ಕಳು ಕಿಟಕಿಗೆ ಮುತ್ತಿಕೊಂಡಿದ್ದರು. ನಾನು ಅವರನ್ನು ಗದರಿಸಲಿಲ್ಲ.

"ಕಾಕಾ, ಎಲ್ಲಾ ಆತು," ಎಂದ ಜಿಲಾನಿ. "ಈಗ ಒಂದ ಬೀಳಾದು ಉಳೀತು. ಪೆಟ್ಟು ಬಿತ್ತು ಅಂತ ತಿಳಕೊಂಡು ಅಂಗಾತ ಬೀಳ್ರಿ."

"ಯಾರು?"

"ಹುಲಿ. ಸೋತ ಹುಲಿ."

"ಹುಲಿ ಬೀಳಂಗಿಲ್ಲ."

ಜಿಲಾನಿ ನಕ್ಕ. ಯಂಕೋಬ ನಗಲಿಲ್ಲ. ಕಟ್ಟೆಯ ಮೇಲೆ ಕುಳಿತು, ಬನಿಯನ್ನಿನ ತುದಿಯಿಂದ ಮುಖ ಒರೆಸಿಕೊಂಡು, ಮಗಳಿಗೆ ಈ ತನಕ ಹೇಳದಿದ್ದ ಮಾತನ್ನು ಹೇಳಿದ. ಬೇಡಿಕೊಂಡಾಗ ಆತ ಬರಿಯ ವೇಷವನ್ನಷ್ಟೇ ಬೇಡಿಕೊಂಡಿರಲಿಲ್ಲ. ಬಣ್ಣ ಮೈಮೇಲಿರುವ ತನಕ ಬೆನ್ನನ್ನು ನೆಲಕ್ಕೆ ಹಚ್ಚುವುದಿಲ್ಲವೆಂದಿದ್ದ. ಹುಲಿಯ ಬೆನ್ನು ನೆಲಕ್ಕೆ ಹತ್ತಿದರೆ ಕೂಸು ಮತ್ತೆ ಮಲಗುತ್ತದೆ. ಅಷ್ಟೂ ವರ್ಷ ಮೊಹರಮ್ಮಿನ ದಿನಗಳಲ್ಲಿ ಅಪ್ಪ ಕಂಬಕ್ಕೆ ಭುಜ ಕೊಟ್ಟು ಕುಳಿತೇ ನಿದ್ದೆ ಮಾಡುವುದನ್ನು ಅಂಬಿಕಾ ನೋಡಿದ್ದಳು. ಬಣ್ಣ ಕೆಡಬಾರದೆಂದು ಹಾಗೆ ಮಾಡುತ್ತಾನೆಂದೇ ತಿಳಿದಿದ್ದಳು. ಎರಡು ಓಣಿಯ ಹುಲಿಗಳು ಕೂಡಿದಾಗ ಹಿರಿಯರು ನಡುವೆ ಬಂದು ಬಿಡಿಸುತ್ತಾರೆ, ಎರಡೂ ನಿಂತುಕೊಂಡೇ ಹಿಂದಿರುಗುತ್ತವೆ. ಹುಟ್ಟಿದಾಗಿನಿಂದ ನೋಡಿದವಳಿಗೆ ಅದರಲ್ಲಿ ಸೋಲುವವರೇ ಇಲ್ಲವೆಂಬುದು ಹೊಳೆದಿರಲಿಲ್ಲ. ಬೀಳುವವನಿಲ್ಲದ ಆಟವನ್ನು ಅವಳು ಹೊಡೆದಾಟಕ್ಕೆಂದು ಆರಿಸಿ ತಂದಿದ್ದಳು.

"ಯಪ್ಪಾ, ಈಗ ನಿನಗ ಬಣ್ಣ ಎಲ್ಲದ?" ಎಂದು ಕೇಳಿದಳು.

"ಬಣ್ಣ ಆಮ್ಯಾಲ ನೀನ ಹಚ್ಚತೀ ಅಂದಿ. ಹಚ್ಚಿದ ಮ್ಯಾಲ ಅದು ಹುಲಿನ ಅಲ್ಲೇನವ್ವಾ?"

ಪೂರ್ಣಶ್ರೀ ಫೋನನ್ನು ಕೆಳಗಿಳಿಸಿದಳು. ಅಂಬಿಕಾ "ಬಿಡು ಯಪ್ಪಾ" ಎಂದಳಾದರೂ ಅವಳ ಮುಖವನ್ನು ಆತ ನೋಡುತ್ತಿದ್ದ. ತಾನೇ ಎದ್ದು ಗಾದಿಯ ಬಳಿಗೆ ಹೋದ. ಅದನ್ನು ಕಾಲಿನಿಂದ ಒತ್ತಿ ನೋಡಿ, "ಇದರಾಗ ಹತ್ತಿ ಎಲ್ಲದ, ಬರೇ ಚಿಂದಿ ತುಂಬ್ಯಾರ" ಎಂದ. ಅದೊಂದೇ ಹಾಸ್ಯ. ಅನಂತರ ಕಣ್ಣು ಮುಚ್ಚಿ ಹಿಂದಕ್ಕೆ ವಾಲಿದ. ಒಂದು ಕೈ ನೆಲಕ್ಕೆ ಬಂತು, ಮೊಣಕಾಲು ಬಂತು, ಬೆನ್ನು ಬರಲಿಲ್ಲ. ಮತ್ತೆ ಎದ್ದು ಮತ್ತೆ ವಾಲಿದ. ಆತ ಮನಸ್ಸು ಮಾಡಿದ್ದ, ಅದು ನಮಗೆಲ್ಲ ಕಾಣುತ್ತಿತ್ತು. ಆದರೆ ಗಾದಿಗೆ ಒಂದು ಗೇಣು ಉಳಿದಾಗ ಆ ಬೆನ್ನು ತಾನಾಗಿಯೇ ಸೆಟೆದು ನಿಲ್ಲುತ್ತಿತ್ತು.

"ಆಗವಲ್ದವ್ವಾ," ಎಂದ ಕಡೆಗೆ. ಬೆವರು ಒರೆಸಿಕೊಳ್ಳದೆ ಅಂಗಿ ತೊಟ್ಟು ಬಸ್ ನಿಲ್ದಾಣದ ಕಡೆಗೆ ನಡೆದ.

ಶುಕ್ರವಾರ ಶೇಷಗಿರಿ ಮೇಷ್ಟ್ರ ಕೋಣೆಯಲ್ಲಿ ಮೂವರೂ ನಿಂತರು. ಉಪಕರಣಗಳ ವಿಷಯಕ್ಕಾಗಿ ನನ್ನನ್ನೂ ಕರೆದಿದ್ದರು. ಮೇಷ್ಟ್ರು ಒಳ್ಳೆಯವರು, ಮಕ್ಕಳಿಗೆ ಒಳ್ಳೆಯದನ್ನೇ ಬಯಸುವವರು. ಹುಲಿಯ ತುಣುಕುಗಳನ್ನು ನೋಡಿ ಅವರು ಹಿಗ್ಗಿಹೋಗಿದ್ದರು.

"ಸರ್, ಇದನ್ನ ಬಿಟ್ಟು ಬ್ಯಾರೆ ಮಾಡ್ತೀವಿ," ಎಂದಳು ಅಂಬಿಕಾ.

"ಯಾಕಮ್ಮಾ? ರೋಬೋ ಆ ಕಡಿ ತಂಡದವ್ರು ತೊಗೊಂಡ್ರು. ಬಸ್ಸಿನ ಜಗಳ ಅಂತಂದ್ರ ಸಾರಿಗೆ ಆಫೀಸಿನವ್ರು ನಮ್ಮ ಜೋಡಿ ಜಗಳಕ್ಕ ಬರ್ತಾರ. ಇಷ್ಟು ಛಂದದ್ದು ಕೈಯಾಗ ಇಟಗೊಂಡು?"

"ಅದು ಹರಕಿ ಹುಲಿ ಸರ್. ಬೀಳಂಗಿಲ್ಲ ಅದು."

"ಇಬ್ಬರೂ ನಿಂತಾಗ ಮುಗಿದ್ರ ಆಗಂಗಿಲ್ಲೇನು ಸರ್?" ಎಂದು ಪೂರ್ಣಶ್ರೀ ಸೇರಿಸಿದಳು. "ಸಮ ಸಮ ಅಂತ."

"ಅದು ಕುಣಿತ ಆತಲ್ಲಮ್ಮಾ, ಹೊಡೆದಾಟ ಹೆಂಗಾದೀತು? ಸೋಲಾವ ಬೇಕು. ಹೊರಗಿಂದ ಪರೀಕ್ಷಕರು ಬಂದು ಮೊದಲ ಕೇಳೋದ ಅದನ್ನ. ಹರಕಿ ಮೊಹರಂದಾಗ, ಇದು ಕಂಪ್ಯೂಟರ್."

ನಾನು ಬಾಯಿ ತೆರೆದೆ. ಆ ಮನುಷ್ಯನ ಬೆನ್ನು ಗಾದಿಗೆ ತಾಗದೆ ಗೇಣು ಮೇಲೆಯೇ ನಿಂತುಬಿಟ್ಟದ್ದನ್ನು ಕಂಡಿದ್ದೇನೆ ಎಂದು ಹೇಳಬೇಕೆಂದಿದ್ದೆ. ಹೇಳಿದೆ ಕೂಡ. ಮೇಷ್ಟ್ರು ಗೌರವದಿಂದಲೇ ಕೇಳಿಸಿಕೊಂಡು, "ಮ್ಯಾಡಂ, ಮಾರ್ಕ್ಸ್ ಕೊಡೋ ಕಾಗದದಾಗ ಬೆನ್ನಿಗೆ ಜಾಗ ಇಲ್ರಿ" ಎಂದರು. ಕಾನ್ಸೆಪ್ಟಿನ ತೀರ್ಮಾನದಲ್ಲಿ ಪ್ರಯೋಗಾಲಯದವಳ ಮಾತಿಗೆ ಬೆಲೆಯಿಲ್ಲ. ಅದು ನಿಯಮ. ನಿಯಮವನ್ನು ಇತರರಿಂದ ಕಟ್ಟುನಿಟ್ಟಾಗಿ ಪಾಲನೆ ಮಾಡಿಸುವ ನಾನು ಅಲ್ಲಿ ಸುಮ್ಮನಾಗಬೇಕಾಯಿತು.

ಅಂಬಿಕಾಳ ಕಣ್ಣು ತುಂಬಿದ್ದನ್ನು ಜಿಲಾನಿ ನೋಡಿದ. ಅವನು ತಡೆಯದೆ, "ಸರ್, ನಾ ಬೀಳ್ತೀನಿ," ಎಂದ. "ನನ್ನ ಬೆನ್ನಿಗಿ ಯಾ ಹರಕಿನೂ ಇಲ್ಲ. ಕಾಕಾಂದು ನಿಂತಿದ್ದು, ನಂದು ಬಿದ್ದಿದ್ದು. ಅಂಬಿಕಾ ಪಟ್ಟಿ ಹಚ್ಚಿ ಎರಡೂ ಕೂಡಸ್ತಾಳ. ಬಸ್ಸಿನ್ಯಾಗ ಸೀಟಿಗಿ ಬಿದ್ದು ಬಿದ್ದು ರೂಢಿ ಆಗ್ಯದ ನನಗ."

ಮೇಷ್ಟ್ರು ನಕ್ಕು ಅವನ ಭುಜ ತಟ್ಟಿದರು. ಹುಲಿ ಆಯ್ಕೆಯಾಯಿತು. ಅಂಬಿಕಾ ಬೇಡವೆನ್ನಲು ಕಾರಣ ಹುಡುಕಿದಳು, ಸಿಗಲಿಲ್ಲ. ಗೆಳೆಯ ಅವಳಿಗಾಗಿ ಬೀಳಲು ಸಿದ್ಧನಿದ್ದ. ಅಪ್ಪನ ಬೆನ್ನು ನೆಲಕ್ಕೆ ತಾಗುವುದಿಲ್ಲ. ಇನ್ನೇನು ಕೇಳುವುದು?

ಜಿಲಾನಿ ಉತ್ಸಾಹದಿಂದ ಬಿದ್ದ. ಪಕ್ಕಕ್ಕೆ, ಅಂಗಾತ, ಉರುಳಿ, ನಾಲಿಗೆ ಚಾಚಿ. ಅದರಲ್ಲಿ ಒಂದನ್ನು ಆರಿಸಿ ಅಂಬಿಕಾ ಬಣ್ಣ ತುಂಬತೊಡಗಿದಳು.

ಚಿತ್ರಗಳನ್ನು ಒಪ್ಪಿಸಬೇಕಾದ ಸಂಜೆ ಪ್ರಯೋಗಾಲಯದಲ್ಲಿ ಅವಳ ಫೋನು ಸದ್ದು ಮಾಡಿತು. ಕೈಯಲ್ಲಿ ಮೌಸ್ ಇದ್ದುದರಿಂದ ಸ್ಪೀಕರಿಗೆ ಹಾಕಿದಳು. ಗಿರಣಿಯ ಗದ್ದಲದ ನಡುವೆ ಯಂಕೋಬನ ದನಿ ಕೇಳಿಸಿತು.

"ಯಾವ ಆಟ ಆತವ್ವಾ?"

"ಹುಲಿದ ಆತು ಯಪ್ಪಾ."

"ಬೀಳಾವ ಯಾರು?"

"ಜಿಲಾನಿ ಬಿದ್ದಾನ. ಪಟ್ಟಿ ಅಷ್ಟ ನಾ ಹಚ್ಚಾಕತ್ತೀನಿ. ನಿನ್ನ ಬೆನ್ನು ನೆಲಕ್ಕ ಹತ್ತಿಲ್ಲ."

"ಆ ಮಾನವಿ ಹುಡುಗ?"

"ನಾನ ಕಾಕಾ," ಎಂದು ಜಿಲಾನಿ ಫೋನಿನತ್ತ ಬಗ್ಗಿದ. "ಭಾರಿ ಬಿದ್ದೀನಿ. ನೋಡಿದ್ರ ಹೊಟ್ಟಿ ಹಿಡಕೊಂಡು ನಗ್ತೀರಿ."

"ನಿಮ್ಮವ್ವ ಅದಾಳಿಲ್ಲೋ?"

"ಅದಾಳ ಕಾಕಾ."

"ನಿಂದು ಓದು ಇನ್ನಾ ಎಷ್ಟದ?"

"ಇದು ಮುಗಿಸಿ ಇಂಜಿನಿಯರಿಂಗ್. ಆಮ್ಯಾಲೂ ಓದು ಅಂತಾಳ ನಮ್ಮವ್ವ. ಗಡ್ಡ ಬೆಳ್ಳಗಾಗೋ ತನಕ ಓದಸ್ತಾಳ ಬಿಡ್ರಿ."

"ಓದು, ಓದು. ನೀ ಓದು ಮುಗಿಸೋ ತನಕ ನಿನ್ನ ಹೆಸರಿಲೆ ನಾ ಹುಲಿ ಆಗ್ತೀನಿ. ಇವತ್ತ ಮೌಲಾಹುಸೇನಗ ಹೇಳಿಬಿಡ್ತೀನಿ."

ಜಿಲಾನಿಯ ಮುಖದ ನಗೆ ಹಾಗೆಯೇ ನಿಂತಿತು. ಅಂಬಿಕಾ ಮೌಸ್ ಬಿಟ್ಟು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಯಪ್ಪಾ, ಬ್ಯಾಡ. ನಿನ್ನ ಕಾಲು ನೋಡಕೋ. ಈ ಸಲಕ್ಕ ಮುಗೀತದ ಅಂದಿದ್ದಿ."

"ನಿಂದು ಮುಗೀತದ. ಆ ಹುಡುಗ ಹುಲಿ ಬಣ್ಣದಾಗ ಅಂಗಾತ ಬಿದ್ದಾನ, ನನ್ನ ಮಗಳ ಸಲುವಾಗಿ. ಮಂದಿ ಕೂಸಿಗಿ ಏನರ ಆದ್ರ ನಾ ಯಾರಿಗಿ ಮುಖ ತೋರಿಸ್ಲಿ?"

"ಏನೂ ಆಗಂಗಿಲ್ಲ, ಅದು ಬರೇ ಚಿತ್ರ."

"ಆಗಬಾರದಂತನ ಅಲ್ಲೇನವ್ವಾ. ಲಾರಿ ಬಂತು, ಇಡ್ತೀನಿ."

ಅವಳು ಮತ್ತೆ ಮತ್ತೆ ಕರೆ ಮಾಡಿದಳು. ಅಂಡಿಗೆ ಬೆನ್ನ ಮೇಲಿರುವಾಗ ಆತ ಫೋನು ತೆಗೆಯುವುದಿಲ್ಲ.

"ನಾ ಓದಾದ ಬಿಟ್ಟಬಿಟ್ರ?" ಎಂದು ಜಿಲಾನಿ ಬಹಳ ಸಣ್ಣ ದನಿಯಲ್ಲಿ ಕೇಳಿದ.

"ಬಿಟ್ಟಿ ಅಂದ್ರ, ಹುಡುಗ ಬಿದ್ದಿದ್ದಕ್ಕ ಓದು ಹೋತು ಅಂತ ಮತ್ತೊಂದು ಹರಕಿ ಹೊರತಾನ ನಮ್ಮಪ್ಪ."

ತೆರೆಯ ಮೇಲೆ ಹುಲಿ ಅಂಗಾತ ಬಿದ್ದಿತ್ತು. ಅರ್ಧ ಮೈಗೆ ಪಟ್ಟೆ ಬಂದಿತ್ತು, ಇನ್ನರ್ಧ ಬರಿಯ ಹಳದಿ. ಒಪ್ಪಿಸದಿದ್ದರೆ ಮೂವರಿಗೂ ಆ ವರ್ಷ ಹೋಗುತ್ತದೆ, ಅವಳ ಓದೂ ಅಪ್ಪನ ಹಳೆಯ ಹರಕೆಯೂ ಮುಗಿಯುವುದಿಲ್ಲ. ಅವಳು ಕುಳಿತು ಉಳಿದ ಪಟ್ಟೆಗಳನ್ನು ಒಂದೊಂದಾಗಿ ಎಳೆಯತೊಡಗಿದಳು. ಪೂರ್ಣಶ್ರೀ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಪ್ರಯೋಗಾಲಯ ಮುಚ್ಚುವ ಹೊತ್ತು ಮೀರಿತ್ತು. ಬೀಗ ನನ್ನ ಕೈಯಲ್ಲಿತ್ತು, ಹಾಕಲಿಲ್ಲ. ಅದನ್ನು ಬಿಟ್ಟು ನಾನು ಮಾಡಬಹುದಾದದ್ದು ಏನೂ ಇರಲಿಲ್ಲ.